ಸಾಗಾಣಿಕೆ ಹೊರಗೆ ಕೊಡಬೇಕೋ, ಒಂದೇ ಕಡೆ ತರಬೇಕೋ: ಗೇಟ್ ರಿಜಿಸ್ಟರ್‌ನಿಂದ ಶುರು ಮಾಡಿ

ಪೀಣ್ಯ ಎರಡನೇ ಹಂತದ ಒಂದು ವಾಲ್ವ್ ಕಾರ್ಖಾನೆಯ ಡಿಸ್ಪ್ಯಾಚ್‌ನಲ್ಲಿ ಇಪ್ಪತ್ತೊಂದು ವರ್ಷ ಕೆಲಸ ಮಾಡಿದ್ದೇನೆ. ಪೀಣ್ಯದಲ್ಲಿ ಮಷೀನ್ ಶಾಪ್, ತುಮಕೂರಿನ ವಸಂತನರಸಾಪುರದಲ್ಲಿ ಅಸೆಂಬ್ಲಿ, ಹೊಸೂರಿನಲ್ಲಿ ಗೋದಾಮು. ಮೂರೂ ಕಡೆ ಬೇರೆ ಬೇರೆ ಟ್ರಾನ್ಸ್‌ಪೋರ್ಟ್‌ನವರು, ಬೇರೆ ಬೇರೆ ರೇಟು. ಒಂದು ದಿನ ಮಾಲೀಕರು ಕರೆದು, "ಎಲ್ಲಾನೂ ಒಂದು ಲಾಜಿಸ್ಟಿಕ್ಸ್ ಕಂಪನಿಗೆ ಕೊಟ್ಟುಬಿಡೋಣವಾ, ಇಲ್ಲ ಇಲ್ಲೇ ಒಂದು ಡೆಸ್ಕ್ ಮಾಡಿ ನೀವೇ ನೋಡ್ಕೋತೀರಾ?" ಎಂದು ಕೇಳಿದರು. "ನಾವೇ ನೋಡ್ಕೋತೀವಿ ಸಾರ್" ಅಂದೆ. ಆ ಉತ್ತರ ಅರ್ಧ ಸರಿಯಿತ್ತು. ಮಿಕ್ಕರ್ಧ ಕಲಿಯೋಕೆ ಎರಡು ವರ್ಷ ಹಿಡಿಯಿತು. ಇದೇ ಪ್ರಶ್ನೆ ಎದುರಿಗಿರುವ ಸಣ್ಣ, ಮಧ್ಯಮ ಕಾರ್ಖಾನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾರ ಹತ್ತಿರವೂ ಕೊಟೇಷನ್ ಕೇಳುವ ಮೊದಲು ಗೇಟಿಗೆ ಹೋಗಿ. ಸೆಕ್ಯುರಿಟಿಯವರು ಬರೆದಿಡುವ ವಾಹನಗಳ ರಿಜಿಸ್ಟರ್ ಇರುತ್ತದಲ್ಲ, ಮೂರು ತಿಂಗಳದ್ದು ತೆಗೆದುಕೊಳ್ಳಿ. ಪಕ್ಕದಲ್ಲಿ ಎಲ್‌ಆರ್ (ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ) ಪ್ರತಿಗಳನ್ನು ಇಟ್ಟುಕೊಂಡು ಎರಡನ್ನೂ ತಾಳೆ ಹಾಕಿ. ವಾಹನ ಎಷ್ಟು ಹೊತ್ತಿಗೆ ಬಂತು, ಲೋಡ್ ಆಗಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ತುಂಬಿತ್ತು, ಎಲ್ಲಿಗೆ ಹೋಯಿತು, ಇಷ್ಟು ಸಾಕು. ಅಕೌಂಟ್ಸ್‌ನವರ ಲೆಡ್ಜರ್‌ನಲ್ಲಿ ಬಾಡಿಗೆ ಮಾತ್ರ ಕಾಣುತ್ತದೆ. ಕಾದು ನಿಂತ ಹೊತ್ತು ಕಾಣುವುದು ಗೇಟಿನ ಪುಸ್ತಕದಲ್ಲಿ.

ನಮ್ಮಲ್ಲಿ ಹೀಗೆ ಕೂತಾಗ ಒಂದು ಮಂಗಳವಾರದ ಪುಟ ಕಣ್ಣಿಗೆ ಬಿತ್ತು. ಪೀಣ್ಯದಿಂದ ಹೊಸೂರಿಗೆ ಅರ್ಧ ತುಂಬಿದ ಒಂದು ಕ್ಯಾಂಟರ್ ಹೊರಟಿತ್ತು. ತುಮಕೂರು ಘಟಕದ ರಿಜಿಸ್ಟರ್ ತರಿಸಿ ಅದೇ ದಿನದ ಪುಟ ತೆಗೆದರೆ ಅಲ್ಲಿಂದಲೂ ಅರ್ಧ ತುಂಬಿದ ಇನ್ನೊಂದು ಕ್ಯಾಂಟರ್, ಅದೂ ಹೊಸೂರಿಗೇ. ನಮ್ಮ ಗೇಟಿಗೆ ಇನ್ನು ಕೆಲವೇ ಕಿಲೋಮೀಟರ್ ಇರುವಾಗ, ಮಾದಾವರದಲ್ಲಿ ತಿರುಗಿ ನೈಸ್ ರಸ್ತೆ ಹಿಡಿದು ಹೋಗಿತ್ತು. ಆ ತಿಂಗಳಲ್ಲೇ ಇಂಥದ್ದು ಒಂಬತ್ತು ಸಲ. ಎರಡೂ ಕಡೆಯ ಸ್ಟೋರ್‌ಕೀಪರ್‌ಗಳು ಪ್ರಾಮಾಣಿಕರೇ, ಆದರೆ ಒಬ್ಬರ ಲೋಡು ಇನ್ನೊಬ್ಬರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇಂಥ ನಷ್ಟ ಕಂಡರೆ ಹೊರಗಿನವರಿಗೆ ಕೊಡಬೇಕಾಗಿಯೇ ಇಲ್ಲ, ಒಬ್ಬರು ಕೂತು ಎಲ್ಲರ ಲೋಡು ನೋಡಿದರೆ ಸಾಕು.

ಗೋದಾಮುಗಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಹಾಕಿಕೊಳ್ಳಿ: ಇದು ಗ್ರಾಹಕನಿಗಾಗಿ ಇದೆಯೋ, ಹಳೆಯ ತೆರಿಗೆಗಾಗಿ ಇದೆಯೋ? 2017ರ ಜುಲೈ 1ಕ್ಕೆ ಜಿಎಸ್‌ಟಿ ಬರುವ ಮುಂಚೆ ಕೇಂದ್ರ ಮಾರಾಟ ತೆರಿಗೆ ತಪ್ಪಿಸಲು ರಾಜ್ಯಕ್ಕೊಂದು ಡಿಪೋ ಇಟ್ಟು ಎಫ್ ಫಾರ್ಮ್ (ಇದು ಮಾರಾಟವಲ್ಲ, ಸ್ಟಾಕ್ ವರ್ಗಾವಣೆ ಎಂದು ತೋರಿಸುವ ಪತ್ರ) ಮೇಲೆ ಸ್ಟಾಕ್ ವರ್ಗಾಯಿಸುತ್ತಿದ್ದೆವು. ಈಗ ಆ ಲಾಭವಿಲ್ಲ. ಬೇರೆ ರಾಜ್ಯದ ಸ್ವಂತ ಡಿಪೋಗೆ ಕಳಿಸಿದರೂ ಐಜಿಎಸ್‌ಟಿ (ರಾಜ್ಯಗಳ ನಡುವಿನ ಜಿಎಸ್‌ಟಿ) ಹಾಕಲೇಬೇಕು, ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಕ್ಕರೂ ಮಾಲು ಮಾರಾಟವಾಗುವವರೆಗೆ ದುಡ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಅಭ್ಯಾಸಬಲದಿಂದ ಉಳಿದ ಡಿಪೋವನ್ನು ಹೊರಗುತ್ತಿಗೆಗೆ ಕೊಡಬೇಡಿ, ಮುಚ್ಚಿ.

ಇನ್ನು ಲೆಕ್ಕ. ಇಲ್ಲಿ ನಿಧಾನ ಮಾಡಿ, ನಾವು ಎಡವುತ್ತಿದ್ದದ್ದು ಇಲ್ಲೇ. ನಮ್ಮ ಗೋದಾಮಿನ ಲೆಕ್ಕವನ್ನೇ ದುಂಡಗೆ ಮಾಡಿ ಹೇಳುತ್ತೇನೆ. ಬಾಡಿಗೆ, ಇಬ್ಬರು ಸ್ಟೋರ್ ಹುಡುಗರು, ಹಮಾಲಿ, ಕರೆಂಟು, ಇನ್ಶೂರೆನ್ಸ್ ಎಲ್ಲ ಸೇರಿ ತಿಂಗಳಿಗೆ 2.4 ಲಕ್ಷ. ಒಂಬತ್ತು ತಿಂಗಳು ತಲಾ 3,000 ಬಾಕ್ಸ್, ಉಳಿದ ಮೂರು ತಿಂಗಳು ತಲಾ 6,500. ಆ ಮೂರು ತಿಂಗಳು ಜಾಗ ಸಾಲದೆ ಪಕ್ಕದ ಶೆಡ್ಡಿಗೆ ತಿಂಗಳಿಗೆ ಇನ್ನೂ 60,000. ವರ್ಷಕ್ಕೆ ಒಟ್ಟು 30.6 ಲಕ್ಷ. ಹೊರಗಿನ ಕಂಪನಿ ಬಾಕ್ಸಿಗೆ 60 ರೂಪಾಯಿ ಹೇಳಿತು. 46,500 ಬಾಕ್ಸಿಗೆ 27.9 ಲಕ್ಷ. 2.7 ಲಕ್ಷ ಉಳಿತಾಯ ಅಂತ ಮಾಲೀಕರಿಗೆ ಖುಷಿಯಾಯಿತು.

ಆದರೆ ಒಪ್ಪಂದದ ಕರಡಿನ ಏಳನೇ ಪುಟದಲ್ಲಿ, ತಿಂಗಳಿಗೆ ಕನಿಷ್ಠ 4,000 ಬಾಕ್ಸಿನ ದುಡ್ಡು ಖಾತ್ರಿ ಕೊಡಬೇಕು ಎಂದಿತ್ತು. ಕಡಿಮೆ ಇರುವ ಒಂಬತ್ತು ತಿಂಗಳಲ್ಲಿ ಇಲ್ಲದ ಸಾವಿರ ಬಾಕ್ಸಿಗೂ ಕಟ್ಟಬೇಕು. ಮತ್ತೆ ಕೂಡಿಸಿದರೆ 55,500 ಬಾಕ್ಸು, 33.3 ಲಕ್ಷ. ಉಳಿತಾಯದ 2.7 ಲಕ್ಷ ಅಷ್ಟೇ ಮೊತ್ತದ ನಷ್ಟವಾಗಿ ತಿರುಗಿ ನಿಂತಿತು. ಆದ್ದರಿಂದ ವರ್ಷದ ಸರಾಸರಿಯನ್ನು ನಂಬಬೇಡಿ, ಹನ್ನೆರಡು ತಿಂಗಳನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ವ್ಯಾಪಾರ ಏರಿಳಿಯುವ ಕಡೆ ಖಾತ್ರಿಯಿಲ್ಲದ ಬಾಕ್ಸ್ ರೇಟು ಸಿಕ್ಕರೆ ಹೊರಗೆ ಕೊಡಿ. ವರ್ಷವಿಡೀ ಒಂದೇ ಸಮ ಇರುವ ಕೆಲಸಕ್ಕೆ ಸ್ವಂತದ್ದೇ ಸಾಮಾನ್ಯವಾಗಿ ಅಗ್ಗ ಬೀಳುತ್ತದೆ.

ಆಮೇಲೆ ಕೆಲಸಗಳನ್ನು ಬಿಡಿಸಿ ಬರೆಯಿರಿ. "ಲಾಜಿಸ್ಟಿಕ್ಸ್" ಅಂತ ಒಂದೇ ಗಂಟು ಕಟ್ಟಿ ಇಡೀ ಗಂಟನ್ನು ಕೊಡುವುದೋ ಬಿಡುವುದೋ ಎಂದು ಕೇಳುವುದೇ ತಪ್ಪು. ಲಾರಿ ಓಡಿಸುವುದು, ಹೇರಿ ಇಳಿಸುವುದು, ಗೋದಾಮು, ಪ್ಯಾಕಿಂಗ್, ಯಾವ ಲೋಡು ಯಾವಾಗ ಹೋಗಬೇಕೆಂಬ ತೀರ್ಮಾನ, ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ), ಪಿಒಡಿ (ಮಾಲು ತಲುಪಿತೆಂಬ ಸಹಿ ಹಾಕಿದ ಪ್ರತಿ) ಬೆನ್ನತ್ತುವುದು, ಗ್ರಾಹಕನ ಸ್ಟೋರ್ಸ್ ಜೊತೆ ಮಾತು, ಇವೆಲ್ಲ ಬೇರೆ ಬೇರೆ. ಲಾರಿಯನ್ನು ಸಂತೋಷವಾಗಿ ಹೊರಗೆ ಕೊಡಿ. ರಿಟರ್ನ್ ಲೋಡ್ ಹಿಡಿಯುವುದು ಅವರ ಕಸುಬು, ನಮ್ಮ ಸ್ವಂತ ಕ್ಯಾಂಟರ್ ಖಾಲಿ ವಾಪಸ್ ಬರುತ್ತಿತ್ತು. ಯಾವ ಲೋಡು ಯಾವಾಗ ಎಂಬುದನ್ನು ಮಾತ್ರ ಬಿಟ್ಟುಕೊಡಬೇಡಿ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದ ಮೇಲೆ ಭಾರಿ ವಾಹನಗಳನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಅದರ ಮೇಲೆ ಬಿಡಲಿಲ್ಲ. ಕೆಳಗಿನ ರಸ್ತೆಯಲ್ಲಿ ಗಾಡಿ ತೆವಳುತ್ತಿತ್ತು. ನಮ್ಮ ಡೆಸ್ಕ್ ವಾರದೊಳಗೆ ಲೋಡಿಂಗ್ ಅನ್ನು ರಾತ್ರಿ ಹತ್ತರ ಮೇಲಕ್ಕೆ ತಳ್ಳಿತು. ಪ್ರೊಡಕ್ಷನ್‌ನವರನ್ನು ಅದಕ್ಕೆ ಒಪ್ಪಿಸುವುದು ಹೊರಗಿನವರ ಕೈಲಿ ಆಗುತ್ತಿರಲಿಲ್ಲ.

ಕಾಗದಪತ್ರವೂ ಒಂದೇ ಡೆಸ್ಕಿನಲ್ಲಿರಲಿ. ಇ-ವೇ ಬಿಲ್ಲಿಗೆ 50,000 ರೂಪಾಯಿಯ ಮಿತಿ ಎಂದು ಎಲ್ಲರಿಗೂ ಗೊತ್ತು. ಜಾಬ್ ವರ್ಕ್‌ಗೆ, ಅಂದರೆ ನಮ್ಮ ಮಾಲಿನ ಮೇಲೆ ಹೊರಗಿನವರಿಂದ ಕೆಲಸ ಮಾಡಿಸಲು, ಬೇರೆ ರಾಜ್ಯಕ್ಕೆ ಕಳಿಸುವಾಗ ಮೌಲ್ಯ ಎಷ್ಟೇ ಕಡಿಮೆಯಿದ್ದರೂ ಅದು ಬೇಕು ಎಂಬುದು ಹಲವರಿಗೆ ಗೊತ್ತಿಲ್ಲ. ಹೊಸೂರು ನಮಗೆ ಪಕ್ಕದ ಊರು, ಆದರೂ ತಮಿಳುನಾಡು. ಪ್ಲೇಟಿಂಗ್‌ಗೆ ಹೊರಟ ಎರಡು ಕ್ರೇಟ್ ಇದೇ ಕಾರಣಕ್ಕೆ ದಾರಿಯಲ್ಲಿ ಒಂದು ದಿನ ನಿಂತಿದ್ದವು.

ಹೊರಗೆ ಕೊಡುವ ಭಾಗಕ್ಕೆ ಒಪ್ಪಂದ ಬರೆಯುವಾಗ ಹಾನಿಯ ಹೊಣೆಯನ್ನು ಬಿಡಿಸಿ ಬರೆಸಿ. ಪುಣೆಗೆ ಹೋದ ನಮ್ಮ ಒಂದು ಪೆಟ್ಟಿಗೆಗೆ ಮಳೆನೀರು ಹೊಕ್ಕಿತು. ಮುಚ್ಚಳ ತೆಗೆದರೆ ಮೆಷಿನಿಂಗ್ ಮಾಡಿದ ವಾಲ್ವ್ ಸೀಟ್‌ಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು, ಬೆರಳಿಟ್ಟರೆ ಅಂಟುತ್ತಿತ್ತು. ಮಾಲು 2.1 ಲಕ್ಷದ್ದು, ಬಾಡಿಗೆ 1,900. ರಸ್ತೆ ಸಾಗಾಟದ 2007ರ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ನೀವು ಮೊದಲೇ ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ರಿಸ್ಕ್ ದರ ಒಪ್ಪಿರದಿದ್ದರೆ ಸಾಗಿಸಿದವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ನಮಗೆ ಸಿಕ್ಕಬಹುದಾಗಿದ್ದದ್ದು 19,000. ಅದನ್ನು ಕೇಳಲೂ ಬುಕ್ಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಟ್ರಾನ್ಸಿಟ್ ಇನ್ಶೂರೆನ್ಸ್ ಸ್ವಂತದ್ದೇ ಇರಲಿ. ಜೊತೆಗೆ ಡೀಸೆಲ್ ದರ ಏರಿದರೆ ಎಷ್ಟು, ಇಳಿದರೆ ಎಷ್ಟು, ಹಾಲ್ಟಿಂಗ್ (ಗಾಡಿ ಕಾದು ನಿಂತದ್ದಕ್ಕೆ ಕೊಡುವ ದುಡ್ಡು) ಎಷ್ಟು ಗಂಟೆಯ ಮೇಲೆ, ಟ್ರಿಪ್ಪಿನ ಮಾಹಿತಿ ಪ್ರತಿ ತಿಂಗಳು ನಮಗೆ ಎಕ್ಸೆಲ್‌ನಲ್ಲಿ ಬರಬೇಕು, ಬಿಡುವುದಾದರೆ 90 ದಿನದ ಸೂಚನೆ, ಇಷ್ಟನ್ನೂ ಬರೆಸಿ.

ಈಗ ನಾನು ಕಲಿಯದೇ ಉಳಿದಿದ್ದ ಆ ಮಿಕ್ಕರ್ಧ. ಡೆಸ್ಕ್ ಶುರುವಾದ ಉತ್ಸಾಹದಲ್ಲಿ ವಾಹನ ಕರೆಯುವ ಅಧಿಕಾರವನ್ನೆಲ್ಲ ಪೀಣ್ಯಕ್ಕೆ ಎಳೆದುಕೊಂಡೆ. ತುಮಕೂರಿನಲ್ಲಿ ಒಬ್ಬ ಪಿಕಪ್‌ ಡ್ರೈವರ್ ಇದ್ದ, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೂ ಅರ್ಧ ಗಂಟೆಯಲ್ಲಿ ಗೇಟಿಗೆ ಬರುತ್ತಿದ್ದ. ಅವನ ರೇಟು ನಮ್ಮ ಪಟ್ಟಿಯಲ್ಲಿಲ್ಲ ಎಂದು ತೆಗೆದುಹಾಕಿದೆ. ಎರಡು ತಿಂಗಳ ಮೇಲೆ ಒಂದು ಶನಿವಾರ ರಾತ್ರಿ ಗ್ರಾಹಕರ ಅಸೆಂಬ್ಲಿ ಲೈನಿಗೆ ನಲವತ್ತು ವಾಲ್ವ್ ತುರ್ತಾಗಿ ಬೇಕಾದವು. ಮಾಲು ಸಿದ್ಧವಿತ್ತು, ಸ್ಟೋರ್‌ಕೀಪರ್ ಎದುರಿಗೇ ಇದ್ದರು, ಪೀಣ್ಯದಲ್ಲಿ ಫೋನ್ ಎತ್ತುವವರಿರಲಿಲ್ಲ. ಭಾನುವಾರ ಬೆಳಗ್ಗೆ ಅವರ ಲೈನು ನಾಲ್ಕು ಗಂಟೆ ನಿಂತಿತು. ಆ ಸ್ಟೋರ್‌ಕೀಪರ್ ಮುಖ ನೋಡಲು ನನಗೆ ಸೋಮವಾರ ಕಷ್ಟವಾಯಿತು.

ಅವತ್ತೇ ಒಂದು ನಿಯಮ ಬರೆದೆವು. ರೇಟ್ ಕಾಂಟ್ರಾಕ್ಟ್, ದಿನದ ಲೋಡ್ ಪ್ಲಾನ್, ಕಾಗದಪತ್ರ ಪೀಣ್ಯದಲ್ಲಿ. ಆದರೆ ಗ್ರಾಹಕರ ಲೈನು ನಿಲ್ಲುವ ಹಾಗಿದ್ದರೆ ಘಟಕದ ಸ್ಟೋರ್‌ಕೀಪರ್ 5,000 ರೂಪಾಯಿವರೆಗೆ ಯಾರನ್ನೂ ಕೇಳದೆ ವಾಹನ ಕರೆಯಬಹುದು, ಮರುದಿನ ಹೇಳಿದರೆ ಸಾಕು. ನೀವು ಯಾವ ದಾರಿ ಹಿಡಿದರೂ ಇಂಥದ್ದೊಂದು ಮೊತ್ತ ನಿಗದಿ ಮಾಡಿ.

ಕೊನೆಗೆ, ಎಲ್ಲವನ್ನೂ ಒಮ್ಮೆಲೇ ಬದಲಾಯಿಸಬೇಡಿ. ಒಂದು ಮಾರ್ಗ ಆರಿಸಿ ಮೂರು ತಿಂಗಳು ಓಡಿಸಿ. ನಾವು ಹೊಸೂರು ಮಾರ್ಗ ತೆಗೆದುಕೊಂಡೆವು: ಬೆಳಗ್ಗೆ ತುಮಕೂರಿನಲ್ಲಿ ಅರ್ಧ ತುಂಬಿ, ಪೀಣ್ಯಕ್ಕೆ ಬಂದು ಉಳಿದದ್ದನ್ನು ಹೇರಿ ಹೊರಡುವ ಒಂದೇ ಕ್ಯಾಂಟರ್, ಲಾರಿ ಟ್ರಾನ್ಸ್‌ಪೋರ್ಟ್‌ನವರದ್ದು, ಪ್ಲಾನ್ ನಮ್ಮದು. ಹಳೆಯ ಟ್ರಾನ್ಸ್‌ಪೋರ್ಟ್‌ನವರನ್ನು ಆ ಮೂರು ತಿಂಗಳು ಬಿಡಲಿಲ್ಲ, ವಾರಕ್ಕೊಂದು ಲೋಡು ಕೊಡುತ್ತಿದ್ದೆವು. ತುಮಕೂರಿನ ಪಿಕಪ್‌ ಡ್ರೈವರ್‌ಗೂ ನಾನೇ ಫೋನ್ ಮಾಡಿದೆ. ಅವನ ನಂಬರು ಈಗ ಅಲ್ಲಿನ ಸ್ಟೋರ್ಸ್ ಗೋಡೆಯ ಮೇಲೆ, ಫೈರ್ ಸ್ಟೇಷನ್ ನಂಬರಿನ ಕೆಳಗೇ ಇದೆ.