ಸರೊತ್ತು ಅಂದರೆ ಎಷ್ಟು ಗಂಟೆ? ಕೊಲೆ ಕೇಸಿನ ಕಡತವನ್ನು ಮೇಲ್ಮನವಿಗಾಗಿ ಓದುವ ಬಗೆ

ಮೊದಲು ದಿನಗಳ ಲೆಕ್ಕ. ಮೈಸೂರು ಅಥವಾ ಮಂಡ್ಯದ ಸೆಷನ್ಸ್ ಕೋರ್ಟು ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟರೆ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಹಾಕಲು 60 ದಿನ. ಮರಣದಂಡನೆಯಾದರೆ 30 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ತೀರ್ಪಿನ ಒಂದು ಪ್ರತಿಯನ್ನು ಆರೋಪಿಗೆ ಕೋರ್ಟೇ ಪುಕ್ಕಟೆ ಕೊಡಬೇಕು (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 363, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 404). ಆ ಪ್ರತಿ ಆತನ ಜೊತೆಯೇ ಜೈಲಿಗೆ ಹೋಗಿ ಟ್ರಂಕಿನ ತಳ ಸೇರುತ್ತದೆ. ಮನೆಯವರು ಮೊದಲ ಭೇಟಿಯಲ್ಲೇ ಅದನ್ನು ಹೊರಗೆ ತರಿಸಿಕೊಳ್ಳಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ದಿನ ಕಳೆಯುವವರೇ ಹೆಚ್ಚು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ವಕೀಲರು ಸಿಗುತ್ತಾರೆ. ಜೈಲು ಅಧೀಕ್ಷಕರ ಮೂಲಕ ಅರ್ಜಿ ಕೊಟ್ಟರೆ ಸಾಕು, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. 60 ದಿನ ಮೀರಿದ್ದರೆ ತಡವಾದುದಕ್ಕೆ ಕಾರಣ ಕೊಟ್ಟು ಮನ್ನಿಸುವಂತೆ ಅರ್ಜಿ ಹಾಕಬಹುದು. ಆದರೆ ಜೈಲಿನಲ್ಲಿರುವವನಿಗೆ ಒಂದೊಂದು ವಾರವೂ ಒಂದೊಂದು ವಾರವೇ.

ಕಡತ ಕೈಗೆತ್ತಿಕೊಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಹಂಗಾದ್ರೆ ಕೊಂದೋರು ಯಾರು ಸಾರ್?’ ಆ ಪ್ರಶ್ನೆಯನ್ನು ನಾನು ಬದಿಗಿಡುತ್ತೇನೆ. ನಿಜವಾದ ಕೊಲೆಗಾರನನ್ನು ಹಿಡಿದು ತರುವ ಹೊಣೆ ಮೇಲ್ಮನವಿದಾರನ ಮೇಲಿಲ್ಲ, ಅದಕ್ಕೆ ಬೇಕಾದ ಅಧಿಕಾರವೂ ನಮಗಿಲ್ಲ. ನಾವು ನೋಡಬೇಕಾದ್ದು, ಈತನೇ ಎಂದು ಹೇಳಿದ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ ಎಂಬುದನ್ನು. ಕಣ್ಣಾರೆ ಕಂಡವರಿಲ್ಲದ, ಸಾಂದರ್ಭಿಕ ಸಾಕ್ಷ್ಯದ ಕೇಸಿಗೆ ಸುಪ್ರೀಂ ಕೋರ್ಟಿನ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನ ಐದು ಸೂತ್ರಗಳು ಇಂದಿಗೂ ಅಳತೆಗೋಲು: ಪ್ರತಿ ಸಂದರ್ಭವೂ ಪೂರ್ಣವಾಗಿ ಸಾಬೀತಾಗಿರಬೇಕು, ಎಲ್ಲ ಸೇರಿ ಬೇರೆ ಯಾವ ವಿವರಣೆಗೂ ಎಡೆ ಬಿಡಬಾರದು. ಕಳಚಿದ ಕೊಂಡಿ ಹತ್ತರಲ್ಲಿ ಒಂಬತ್ತು ಸಲ ಕಡತದ ಒಳಗೇ ಇರುತ್ತದೆ.

ಅದಕ್ಕೇ ನಕಲು ಅರ್ಜಿಯಲ್ಲಿ ತೀರ್ಪು ಮಾತ್ರ ಕೇಳಿದರೆ ಸಾಲದು. ದೂರು, ಮ್ಯಾಜಿಸ್ಟ್ರೇಟರ ಷರಾ (ಕೈಗೆ ತಲುಪಿದ ಹೊತ್ತಿನ ಟಿಪ್ಪಣಿ) ಇರುವ ಎಫ್‌ಐಆರ್, ಶವ ಪಂಚನಾಮೆ, ಎಲ್ಲ ಮಹಜರುಗಳು, ಸ್ಥಳ ನಕ್ಷೆ, ಮರಣೋತ್ತರ ವರದಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ವಶಪಡಿಸಿದ ವಸ್ತುಗಳ ಪಟ್ಟಿಯಾದ ಪಿ.ಎಫ್. ಹಾಳೆಗಳು, ಪ್ರತಿ ಸಾಕ್ಷಿಯ ಹೇಳಿಕೆ, ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರು ಆರೋಪಿಯನ್ನೇ ಕೇಳಿ ಬರೆದುಕೊಂಡ ಕಲಂ 313ರ (ಈಗ 351) ಹೇಳಿಕೆ, ಜೊತೆಗೆ ಆರ್ಡರ್ ಶೀಟ್. ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಯಾವ ದಿನ ವಕೀಲರು ಇರಲಿಲ್ಲ, ಯಾವ ಸಾಕ್ಷಿಗೆ ‘ಪಾಟಿ ಸವಾಲು ಇಲ್ಲ’ ಎಂದು ಬರೆದು ಮುಗಿಸಿದರು, ಮತ್ತೆ ಕರೆಸಿ ಎಂಬ ಅರ್ಜಿ ಏನಾಯಿತು, ಎಲ್ಲ ಅಲ್ಲೇ ಇರುತ್ತದೆ.

ಆಮೇಲೆ ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ನಾಲ್ಕು ಕಲಂ ಎಳೆಯುತ್ತೇನೆ. ಒಂದರಲ್ಲಿ ಪೊಲೀಸರ ಮುಂದೆ ಸಾಕ್ಷಿ ಹೇಳಿದ ಹೊತ್ತು, ಎರಡರಲ್ಲಿ ಮುಖ್ಯ ವಿಚಾರಣೆಯಲ್ಲಿ ಹೇಳಿದ್ದು, ಮೂರರಲ್ಲಿ ಪಾಟಿ ಸವಾಲಿನಲ್ಲಿ ಬಂದದ್ದು, ನಾಲ್ಕರಲ್ಲಿ ಪೊಲೀಸರ ಕೈ ಸೋಕದ ದಾಖಲೆ ಏನು ಹೇಳುತ್ತದೆ ಎಂಬುದು. ಕೆಲಸವೆಲ್ಲ ಈ ನಾಲ್ಕನೇ ಕಲಂ ತುಂಬಿಸುವುದೇ.

ಹೊತ್ತನ್ನು ಸಾಕ್ಷಿಯ ಬಾಯಿಮಾತಿನಲ್ಲೇ ಬರೆದುಕೊಳ್ಳಬೇಕು. ಮಂಡ್ಯ ಕಡೆಯ ಅಜ್ಜಿ ಕಟಕಟೆಯಲ್ಲಿ ‘ಸರೊತ್ತಾಗಿತ್ತು’ ಅನ್ನುತ್ತಾಳೆ. ಟೈಪಾಗುವಾಗ ಅದು ‘ರಾತ್ರಿ ಸುಮಾರು 12 ಗಂಟೆ ವೇಳೆಯಲ್ಲಿ’ ಆಗುತ್ತದೆ, ಹೈಕೋರ್ಟಿಗಾಗಿ ಇಂಗ್ಲಿಷಿಗೆ ತಂದಾಗ ಬರೀ ‘ತಡರಾತ್ರಿ’ ಆಗಿ ಉಳಿಯುತ್ತದೆ. ಮರಣೋತ್ತರ ವರದಿಯ ಪ್ರಕಾರ ಸಾವು ರಾತ್ರಿ 8ರಿಂದ 10ರ ನಡುವೆ ಅಂತಿದ್ದರೆ, ಸರೊತ್ತಿನಲ್ಲಿ ಸತ್ತವನ ಕೂಗು ಕೇಳಿದೆ ಎಂಬ ಮಾತು ಬಿದ್ದುಹೋಗುತ್ತದೆ. ‘ತಡರಾತ್ರಿ’ ಆದರೋ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತದೆ. ‘ಬೈಗು’, ‘ಹೊತ್ತಾರೆ’, ‘ಕೋಳಿ ಕೂಗೋ ಹೊತ್ತು’, ಎಲ್ಲಕ್ಕೂ ಇದೇ ಗತಿ. ‘ಅಳಿಯ’ ಎಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಯಾರನ್ನು ನೋಡಿದ್ದು ಎಂಬುದೇ ಪ್ರಶ್ನೆಯಾದಾಗ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಕಡೆ ಬೆರಳಿಟ್ಟು ಓದಬೇಕು. ನಮ್ಮ ಕೋರ್ಟಿನ ಪಾಟಿ ಸವಾಲು ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಅಚ್ಚಿನಲ್ಲೇ ಬರುತ್ತದೆ. ‘ಆ ರಾತ್ರಿ ಬೀದಿ ದೀಪ ಉರಿಯುತ್ತಿರಲಿಲ್ಲ ಎಂದರೆ ಸರಿ’ ಎಂದರೆ ಕತ್ತಲಿತ್ತೆಂದು ಸಾಕ್ಷಿ ಒಪ್ಪಿದ ಹಾಗೆ. ‘ಉರಿಯುತ್ತಿರಲಿಲ್ಲ ಎಂದರೆ ಸರಿಯಲ್ಲ’ ಎಂದರೆ ದೀಪ ಉರಿಯುತ್ತಿತ್ತು ಅಂತ. ಎರಡು ‘ಅಲ್ಲ’ಗಳಲ್ಲಿ ಒಂದನ್ನು ಅನುವಾದದಲ್ಲಿ ನುಂಗಿದರೆ ಅರ್ಥ ತಿರುಗಿ ನಿಲ್ಲುತ್ತದೆ. ಕನ್ನಡ ಪ್ರತಿ, ಇಂಗ್ಲಿಷ್ ಪ್ರತಿ ಎರಡನ್ನೂ ಪಕ್ಕಪಕ್ಕ ಇಟ್ಟು, ಇಂತಹ ಪ್ರತಿ ವಾಕ್ಯಕ್ಕೂ ಕೆಂಪು ಗೀಟು ಹಾಕಿಯೇ ಮುಂದೆ ಹೋಗುವುದು. 25 ಸಾಕ್ಷಿಗಳ ಕೇಸಿಗೆ ಇದೊಂದಕ್ಕೇ ಮೂರ್ನಾಲ್ಕು ದಿನ ಬೇಕು. ಬೇಸರದ ಕೆಲಸ, ಜೂನಿಯರ್‌ಗೆ ಒಪ್ಪಿಸಬೇಡಿ.

ಆಯುಧದ ಹೆಸರೂ ಹಾಗೆಯೇ. ಕುಡ್ಲು ಬೇರೆ, ಮಚ್ಚು ಬೇರೆ. ಬಾಗಿದ ಕುಡ್ಲು ಎಳೆದಾಗ ಸೀಳುತ್ತದೆ. ಭಾರದ ಮಚ್ಚು ಬೀಸಿದಾಗ ಕಡಿಯುತ್ತದೆ, ಮೂಳೆಗೂ ಇಳಿಯುತ್ತದೆ. ದೂರಿನಲ್ಲಿ ಕುಡ್ಲು, ಮಹಜರಿನಲ್ಲಿ ಮಚ್ಚು, ಗಾಯದ ಕೆಳಗೆ ಮೂಳೆ ತುಂಡಾಗಿಲ್ಲ ಎಂದಿದ್ದರೆ ಅಲ್ಲಿ ನಿಲ್ಲಬೇಕು. ಆಯುಧವನ್ನು ವೈದ್ಯರಿಗೆ ತೋರಿಸಿ ಪಡೆದ ಅಭಿಪ್ರಾಯ ಬೇರೆ ಹಾಳೆಯಲ್ಲಿರುತ್ತದೆ. ಅದರಲ್ಲಿ ಉದ್ದ, ಅಗಲ, ಆಕಾರ ಬರೆದಿದ್ದಾರೆಯೇ, ಮೊಹರಿದ್ದ ಪೊಟ್ಟಣವನ್ನು ಬಿಚ್ಚಿ ನೋಡಿದ್ದಾರೆಯೇ ಎಂಬುದನ್ನು ಗಮನಿಸಿ.

ನಾಲ್ಕನೇ ಕಲಂಗೆ ಮೊದಲು ಬರುವುದು ಎಫ್‌ಐಆರ್ ಮೇಲಿನ ಮ್ಯಾಜಿಸ್ಟ್ರೇಟರ ಷರಾ. ದೂರು ರಾತ್ರಿ 11ಕ್ಕೆ ದಾಖಲಾಯಿತು ಎನ್ನುತ್ತಾರೆ, ಮ್ಯಾಜಿಸ್ಟ್ರೇಟರಿಗೆ ತಲುಪಿದ್ದು ಮರುದಿನ ಸಂಜೆ 5ಕ್ಕೆ. ಅರ್ಧ ಗಂಟೆಯ ಬೈಕ್ ದಾರಿಗೆ 18 ಗಂಟೆ ಯಾಕೆ? ಹೊತ್ತೊಯ್ದ ಪೇದೆಯನ್ನು ಸಾಕ್ಷಿಯಾಗಿ ವಿಚಾರಿಸಿದ್ದಾರೆಯೇ? ಶವ ಪಂಚನಾಮೆಯಲ್ಲಿ, ಮರಣೋತ್ತರ ಪರೀಕ್ಷೆಯ ಕೋರಿಕೆ ಪತ್ರದಲ್ಲಿ ಅಪರಾಧ ಸಂಖ್ಯೆ ಇದೆಯೇ, ಬೇರೆ ಶಾಯಿಯಲ್ಲಿ ಆಮೇಲೆ ಸೇರಿಸಿದಂತಿದೆಯೇ? ಪಂಚನಾಮೆಯ ಸಂಗತಿಯಲ್ಲಿ ಆರೋಪಿಯ ಹೆಸರೇ ಇಲ್ಲದಿದ್ದರೆ ಆ ಹೊತ್ತಿಗೆ ಹೆಸರು ಯಾರಿಗೂ ಗೊತ್ತಿರಲಿಲ್ಲ ಎಂದು ವಾದಿಸಬಹುದು. ತಡವಾದ ಮಾತ್ರಕ್ಕೆ ಕೇಸು ಬೀಳುವುದಿಲ್ಲ. ಆ ನಡುವಿನ ಹೊತ್ತಿನಲ್ಲಿ ಹೆಸರು ಹುಟ್ಟಿಕೊಂಡಿತು ಎಂದು ತೋರಿಸಿದರೆ ಬೀಳುತ್ತದೆ.

ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಗೆ ಬೆಳಕಿನ ಪರೀಕ್ಷೆ. ಒಂಟಿಕೊಪ್ಪಲ್ ಪಂಚಾಂಗ ತೆಗೆದು ಆ ದಿನದ ತಿಥಿ ನೋಡುತ್ತೇನೆ. ಶುಕ್ಲ ಪಕ್ಷದ ಅಷ್ಟಮಿಯ ಚಂದ್ರ ಮಧ್ಯರಾತ್ರಿ ಹೊತ್ತಿಗೆ ಮುಳುಗುತ್ತಾನೆ, ಕೃಷ್ಣ ಪಕ್ಷದ ಅಷ್ಟಮಿಯ ಚಂದ್ರ ಆ ಹೊತ್ತಿಗೆ ಹುಟ್ಟುತ್ತಾನೆ. ಬಹುಳ ದಶಮಿಯ ರಾತ್ರಿ 10ಕ್ಕೆ ‘ಬೆಳದಿಂಗಳಲ್ಲಿ ನೋಡಿದೆ’ ಎಂದರೆ ಆಕಾಶದಲ್ಲಿ ಚಂದ್ರನೇ ಇಲ್ಲ. ಬೀದಿ ದೀಪದಲ್ಲಿ ನೋಡಿದೆ ಎಂದರೆ ಆ ಊರಿನ ಫೀಡರ್‌ಗೆ (ವಿದ್ಯುತ್ ಮಾರ್ಗಕ್ಕೆ) ಕರೆಂಟಿತ್ತೇ ಎಂಬುದು ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಉಪಕೇಂದ್ರದ ಲಾಗ್ ಪುಸ್ತಕದಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಬೇಕು: 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಉತ್ತರಕ್ಕೆ 30 ದಿನ. ಫೀಡರ್ ಹೆಸರು, ದಿನಾಂಕ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂದು ಬರೆಯದಿದ್ದರೆ ‘ಮಾಹಿತಿ ಸ್ಪಷ್ಟವಿಲ್ಲ’ ಎಂದು ವಾಪಸು ಬರುತ್ತದೆ. ಲಾಗ್ ಪುಸ್ತಕಗಳನ್ನು ಕಾಲಕಾಲಕ್ಕೆ ವಿಲೇವಾರಿ ಮಾಡುವುದರಿಂದ ಈ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿಬಿಡುವುದು.

ಬೆಳಕಿದ್ದರೂ ನೋಟಕ್ಕೆ ಅಡ್ಡ ಏನಿತ್ತು? ನಮ್ಮ ಕಡೆ ಬಹುಪಾಲು ಉತ್ತರ ಕಬ್ಬು. ಏಳೆಂಟು ತಿಂಗಳ ಕಬ್ಬು ಆಳುದ್ದ ಮೀರಿರುತ್ತದೆ. ಗದ್ದೆಯ ಆಚೆ ಬದುವಿನಿಂದ ಈಚೆ ನಡೆದದ್ದು ಕಾಣುವ ಮಾತೇ ಇಲ್ಲ. ಆದರೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಸ್ಥಳ ನಕ್ಷೆ ಬರೆಯುವುದು ವಾರಗಳ ಮೇಲೆ. ಅಷ್ಟರಲ್ಲಿ ಕಟಾವಾಗಿದ್ದರೆ ನಕ್ಷೆಯಲ್ಲಿ ಬರೀ ‘ಖಾಲಿ ಜಮೀನು’ ಎಂದಿರುತ್ತದೆ. ಆ ಸರ್ವೆ ನಂಬರಿನ ಪಹಣಿಯ ಬೆಳೆ ಕಲಂ, ಬೆಳೆ ಸಮೀಕ್ಷೆಯ ಫೋಟೊ, ಸಕ್ಕರೆ ಕಾರ್ಖಾನೆಯ ಕಟಾವು ಪರ್ಮಿಟ್, ತೂಕದ ಚೀಟಿ, ಈ ನಾಲ್ಕರಲ್ಲಿ ಎರಡು ಸಿಕ್ಕಿದರೂ ಕೊಲೆಯ ದಿನ ಕಬ್ಬು ನಿಂತಿತ್ತೋ ಇಲ್ಲವೋ ತೀರ್ಮಾನವಾಗುತ್ತದೆ. ಸ್ಥಳಕ್ಕೆ ಹೋಗುವುದಾದರೆ ಅದೇ ಋತುವಿನಲ್ಲಿ, ಅದೇ ತಿಥಿಯ ರಾತ್ರಿ, ಅದೇ ಗಂಟೆಗೆ ಹೋಗಿ. ಹಗಲು ಹೋಗಿ ಬಂದರೆ ಏನೂ ತಿಳಿಯುವುದಿಲ್ಲ.

ಮರಣೋತ್ತರ ವರದಿಯಲ್ಲಿ ‘ಸಾವಿನಿಂದೀಚೆಗೆ ಎಷ್ಟು ಗಂಟೆ’ ಎಂಬ ಸಾಲನ್ನು ಹಾಗೇ ನಂಬಬಾರದು, ಹಾಗೇ ತಳ್ಳಲೂಬಾರದು. ಮೈ ಸೆಟೆಯುವುದು ನಮ್ಮ ಹವೆಯಲ್ಲಿ ಒಂದೆರಡು ಗಂಟೆಗೆ ಶುರುವಾಗಿ 12 ಗಂಟೆ ಹೊತ್ತಿಗೆ ಪೂರ್ತಿಯಾಗುತ್ತದೆ. ಬೇಸಿಗೆಯಲ್ಲಿ ಬೇಗ ಬಿಡುತ್ತದೆ, ಶವಾಗಾರದ ಫ್ರೀಜರಿನಲ್ಲಿಟ್ಟರೆ ತಡೆದು ನಿಲ್ಲುತ್ತದೆ. ಹಾಗಾಗಿ ಫ್ರೀಜರಿಗೆ ಇಟ್ಟ ಹೊತ್ತು, ತೆಗೆದ ಹೊತ್ತು ಗೊತ್ತಿಲ್ಲದೆ ಲೆಕ್ಕ ಹಾಕುವಂತಿಲ್ಲ. ಹೊಟ್ಟೆಯ ಅನ್ನ, ಮುದ್ದೆ 4ರಿಂದ 6 ಗಂಟೆಯಲ್ಲಿ ಇಳಿಯುತ್ತದೆ ಎಂಬುದು ಅಂದಾಜು. ಗಾಯ, ಭಯದಲ್ಲಿ ಜೀರ್ಣಕ್ರಿಯೆ ನಿಂತೂ ಹೋಗುತ್ತದೆ. ಇದನ್ನು ಆಧಾರ ಕಂಬ ಮಾಡಿಕೊಂಡರೆ ವಾದ ಕುಸಿಯುತ್ತದೆ, ಪಕ್ಕದ ಊರುಗೋಲಾಗಿ ಇಟ್ಟುಕೊಳ್ಳಬಹುದು. ಶವ ನಾಲೆಯಲ್ಲಿ ಸಿಕ್ಕ ಕೇಸಾದರೆ ಆ ದಿನಗಳಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಿದ್ದರೇ, ಎಷ್ಟು ಎಂಬುದನ್ನು ಕಾವೇರಿ ನೀರಾವರಿ ನಿಗಮದಿಂದ ತರಿಸಿ. ನೀರೇ ಇಲ್ಲದ ನಾಲೆಯಲ್ಲಿ ಹೆಣ ತೇಲುವುದಿಲ್ಲ.

ಗುರುತು ಸಿಗದಷ್ಟು ಕೊಳೆತ ಶವ ಅಥವಾ ಬರೀ ಮೂಳೆ ಸಿಕ್ಕಿದ್ದರೆ ಮೊದಲ ಪ್ರಶ್ನೆ ಸತ್ತವರು ಯಾರು ಎಂಬುದೇ. 2025ರಲ್ಲಿ ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ಏನಾಯಿತೆಂದು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದಾರೆ: ಕೊಲೆಯಾದಳು ಎಂದು ಗಂಡನ ಮೇಲೆ ವಿಚಾರಣೆ ನಡೆಯುತ್ತಿದ್ದ ಹೆಂಡತಿಯೇ ಜೀವಂತವಾಗಿ ಕೋರ್ಟಿಗೆ ಬಂದಳು. ಮೂಳೆಯ ಡಿಎನ್‌ಎ ತಾಳೆಯಾಗಲಿಲ್ಲ ಎಂಬ ವರದಿ ಅದಕ್ಕೆ ಮೊದಲೇ ಬಂದಿತ್ತು.

‘ನನ್ನನ್ನು ಕರೆದುಕೊಂಡು ಹೋದರೆ ಮಚ್ಚು ಬಿಸಾಡಿದ ಜಾಗ ತೋರಿಸುತ್ತೇನೆ’ ಎಂಬ ವಾಕ್ಯ ಆರೋಪಿ ಪೊಲೀಸರಿಗೆ ಕೊಟ್ಟ ಎಲ್ಲ ಸ್ವಇಚ್ಛಾ ಹೇಳಿಕೆಗಳಲ್ಲೂ ಅಕ್ಷರ ಬದಲಾಗದೆ ಬರುತ್ತದೆ. ಪತ್ತೆಗೆ ಕಾರಣವಾದ ಅಷ್ಟು ಮಾತು ಮಾತ್ರ ಸಾಕ್ಷ್ಯ, ತಪ್ಪೊಪ್ಪಿಗೆಯ ಭಾಗ ಅಲ್ಲ. ಪ್ರಿವಿ ಕೌನ್ಸಿಲ್‌ನ 1946ರ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇದು ಇತ್ಯರ್ಥವಾದ ವಿಷಯ. ಆದರೂ ಪೂರ್ತಿ ಹೇಳಿಕೆಯನ್ನೇ ಸಾಕ್ಷ್ಯದ ದಾಖಲೆಯೆಂದು ನಿಶಾನೆ ಮಾಡಿ, ನ್ಯಾಯಾಧೀಶರು ಅದನ್ನು ಓದಿಬಿಟ್ಟಿರುತ್ತಾರೆ. ಜಾಗ ಎಲ್ಲರೂ ಓಡಾಡುವ ಬಯಲೇ, ಪಂಚರು ಠಾಣೆಯ ಖಾಯಂ ಗಿರಾಕಿಗಳೇ, ಹಿಂದಿನ ದಿನವೇ ಪೊಲೀಸರು ಅಲ್ಲಿಗೆ ಹೋಗಿದ್ದರೇ, ನೋಡಿ. ಮಚ್ಚಿನ ಮೇಲೆ ‘ಓ ಗುಂಪಿನ ಮನುಷ್ಯ ರಕ್ತ’ ಎಂದರೆ ಹೆಚ್ಚೇನೂ ಆಗಲಿಲ್ಲ, ಆ ಗುಂಪಿನವರು ಊರ ತುಂಬ ಇದ್ದಾರೆ. ಆರೋಪಿಯ ರಕ್ತದ ಗುಂಪು ಯಾವುದೆಂದು ನೋಡಿಯೇ ಇಲ್ಲದ ಕೇಸುಗಳು ಎಷ್ಟೋ. ವಶಪಡಿಸಿದ ದಿನಕ್ಕೂ ಪ್ರಯೋಗಾಲಯ ಮುಟ್ಟಿದ ದಿನಕ್ಕೂ ನಡುವೆ ಮುದ್ದೆಮಾಲು (ವಶಪಡಿಸಿದ ವಸ್ತು) ಯಾರ ಬಳಿ, ಯಾವ ಮೊಹರಿನಲ್ಲಿತ್ತು ಎಂಬುದು ಬೇಕು.

ಮೊಬೈಲ್ ದಾಖಲೆ: ಪ್ರಮಾಣಪತ್ರ ಇಲ್ಲದ ಪ್ರಿಂಟ್‌ಔಟ್ ಸಾಕ್ಷ್ಯವಲ್ಲ. ಹಳ್ಳಿಯ ಟವರ್ ಹಲವು ಕಿಲೋಮೀಟರ್ ಹರಡಿರುತ್ತದೆ. ‘ಅದೇ ಟವರಿನಲ್ಲಿದ್ದ’ ಎಂದರೆ ತನ್ನ ಮನೆಯಲ್ಲೇ ಇದ್ದಿರಬಹುದು. ಕಂಪನಿಗಳು ಕರೆ ವಿವರ ಇಡಬೇಕಾದ್ದು 2 ವರ್ಷ ಮಾತ್ರ. ಮೇಲ್ಮನವಿಯ ಹೊತ್ತಿಗೆ ಹೊಸದಾಗಿ ಸಿಗುವ ಭರವಸೆ ಇಲ್ಲ.

ಇನ್ನು ಎಡವುವ ಜಾಗಗಳು. ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಎಷ್ಟೇ ಎದ್ದು ಕಂಡರೂ, ವಿಚಾರಣೆಯಲ್ಲಿ ಆ ಭಾಗವನ್ನು ಸಾಕ್ಷಿಗೆ ತೋರಿಸಿ, ತನಿಖಾಧಿಕಾರಿಯ ಬಾಯಲ್ಲಿ ಸಾಬೀತು ಮಾಡದಿದ್ದರೆ ಹೈಕೋರ್ಟು ಅದನ್ನು ನೋಡುವುದಿಲ್ಲ. ಒಂದನೇ ಕಲಂನಲ್ಲಿ ಬರೆದ ಅರ್ಧದಷ್ಟು ಹೀಗೇ ವ್ಯರ್ಥವಾಗುತ್ತದೆ. ಎರಡನೆಯದು ಮನೆಯವರದು: ‘ಸಾಕ್ಷಿ ಹತ್ರ ಹೋಗಿ ಅಫಿಡವಿಟ್ ಮಾಡಿಸ್ಕೊಂಡ್ ಬಂದ್ಬಿಡ್ಲಾ ಸಾರ್?’ ಬೇಡ. ಬೆದರಿಸಿದರೆಂದು ಇನ್ನೊಂದು ಕೇಸಾಗುತ್ತದೆ, ಆ ಅಫಿಡವಿಟ್‌ಗೆ ಕಿಲುಬು ಕಾಸಿನ ಬೆಲೆ ಬರುವುದಿಲ್ಲ. 313ರಲ್ಲಿ ಆರೋಪಿಗೆ ಕೇಳದೇ ಬಿಟ್ಟ ಸಂದರ್ಭವನ್ನು ಅವನ ವಿರುದ್ಧ ಬಳಸುವಂತಿಲ್ಲ. ತೀರ್ಪಿನ ಕಾರಣಗಳನ್ನೂ ಆ ಪ್ರಶ್ನೆಗಳನ್ನೂ ಒಂದಕ್ಕೊಂದು ತಾಳೆ ನೋಡಲು ಒಂದು ಸಂಜೆ ಸಾಕು.

ಉಪಕೇಂದ್ರದ ಲಾಗ್, ಕಟಾವು ಪರ್ಮಿಟ್‌ನಂತಹ ಹೊಸ ಕಾಗದ ಸಿಕ್ಕರೆ ಹೆಚ್ಚುವರಿ ಸಾಕ್ಷ್ಯಕ್ಕೆ ಕಲಂ 391ರ (ಈಗ 432) ಅರ್ಜಿ. ಮೊದಲೇ ಯಾಕೆ ತರಲಿಲ್ಲ ಎಂಬುದಕ್ಕೆ ಉತ್ತರ ಸಿದ್ಧವಿರಲಿ. ಅಧಿಕಾರಿಯ ಸಹಿ, ಮೊಹರಿನ ದೃಢೀಕೃತ ಪ್ರತಿಯನ್ನೇ ಲಗತ್ತಿಸಿ, ಆ ಅಧಿಕಾರಿಯನ್ನು ಸಾಕ್ಷಿಯಾಗಿ ಕರೆಸಿ ಎಂದೂ ಕೇಳಬೇಕು. ಜೊತೆಗೇ ಶಿಕ್ಷೆ ಅಮಾನತಿಗೆ 389ರ (ಈಗ 430) ಅರ್ಜಿ. ಇದರಲ್ಲಿ ಮೂವತ್ತು ಆಧಾರ ತುರುಕದೆ, ಓದಿದ ಕೂಡಲೇ ಕಣ್ಣಿಗೆ ಹೊಡೆಯುವ ಎರಡನ್ನು ಮಾತ್ರ ಹಾಕುತ್ತೇನೆ.

ಹಾಳೆ ತುಂಬಿದ ಮೇಲೆ ಕೆಲವೊಮ್ಮೆ ನಾಲ್ಕೂ ಕಲಂ ಒಂದೇ ಹೊತ್ತು ಹೇಳುತ್ತವೆ, ಈತನೇ ಎಂದು. ಆಗ ಅದನ್ನು ಮನೆಯವರಿಗೆ ನೇರ ಹೇಳಿ, ದಿಢೀರ್ ಜಗಳದಲ್ಲಿ ಆದದ್ದೇ ಎಂದು ನೋಡುತ್ತೇನೆ. ಕೊಲೆಯಿಂದ ಕೊಲೆಯಲ್ಲದ ನರಹತ್ಯೆಗೆ, ಹಳೆಯ ದಂಡ ಸಂಹಿತೆಯ ಕಲಂ 304ರ (ಈಗ ನ್ಯಾಯ ಸಂಹಿತೆಯ 105) ಎರಡನೇ ಭಾಗಕ್ಕೆ ಇಳಿದರೆ ಜೀವಾವಧಿ ಹೋಗಿ ಶಿಕ್ಷೆ 10 ವರ್ಷ ಮೀರುವುದಿಲ್ಲ. ಆ ವಾದಕ್ಕೆ ಬೇರೆಯದೇ ಹಾಳೆ ಬೇಕು: ಜಗಳ ಶುರುವಾದದ್ದು ಹೇಗೆ, ಆಯುಧ ಮನೆಯಿಂದ ಬಂತೋ ಅಲ್ಲೇ ಕೈಗೆ ಸಿಕ್ಕಿತೋ, ಏಟು ಎಷ್ಟು, ಎಲ್ಲಿಗೆ.