ಉಪ್ಪುನೀರಿನ ಮೀನಿನ ತೊಟ್ಟಿಗೆ ನಲ್ಲಿ ನೀರಾ, ಆರ್‌ಒ ನೀರಾ? ಚಿಕ್ಕಮಗಳೂರಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ಚಿಕ್ಕಮಗಳೂರಲ್ಲಿ ಇದ್ದುಕೊಂಡು ಸಮುದ್ರದ ಮೀನು ಸಾಕುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಉಪ್ಪು ಎಲ್ಲಿಂದ ತರುತ್ತೀರಿ ಅಂತ. ಉಪ್ಪು ದೊಡ್ಡ ವಿಷಯವೇ ಅಲ್ಲ, ಅಕ್ವೇರಿಯಂ ಉಪ್ಪು ಬೆಂಗಳೂರಿಂದ ಪಾರ್ಸಲ್ ಬರುತ್ತದೆ. ತಲೆ ಕೆಡಿಸಿಕೊಳ್ಳಬೇಕಾದ್ದು ನೀರಿನ ಬಗ್ಗೆ. ನಮ್ಮೂರಲ್ಲಿ ಈ ಗೊಂದಲ ಸ್ವಲ್ಪ ಜಾಸ್ತಿಯೇ, ಯಾಕಂದರೆ ನಮ್ಮ ನಲ್ಲಿ ನೀರು ನಿಜಕ್ಕೂ ಚೆನ್ನಾಗಿದೆ. ಯಗಚಿಯಿಂದ, ಹಿರೇಕೊಳಲೆ ಕೆರೆಯಿಂದ ಬರುವ ನೀರು. ನಮ್ಮ ಮನೆ ನಲ್ಲಿಗೆ ಮೀಟರ್ ಹಿಡಿದರೆ ಟಿಡಿಎಸ್, ಅಂದರೆ ಲೀಟರ್ ನೀರಲ್ಲಿ ಕರಗಿರುವ ಲವಣ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ, ನೂರರ ಆಸುಪಾಸು ತೋರಿಸುತ್ತದೆ. ಬಯಲುಸೀಮೆ ಕಡೆಯ ಬೋರ್‌ವೆಲ್ ನೀರಲ್ಲಿ ಇದು ಸಾವಿರ ಮುಟ್ಟುವುದೂ ಉಂಟು. ಹಾಗಾಗಿ "ಇಷ್ಟು ಒಳ್ಳೆ ನೀರಿಗೆ ಆರ್‌ಒ ಯಾಕೆ, ಸುಮ್ನೆ ದುಡ್ಡು ದಂಡ" ಅಂತ ಹೇಳುವವರ ಮಾತು ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಆರ್‌ಒ ಅಂದರೆ ಒತ್ತಡ ಹಾಕಿ ನೀರನ್ನು ತೆಳು ಪೊರೆಯಲ್ಲಿ ಹಾಯಿಸಿ, ಕರಗಿದ್ದನ್ನು ಬೇರ್ಪಡಿಸುವ ವಿಧಾನ.

ಇನ್ನೊಂದು ವಾದವೂ ಇದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ, ಅಂದರೆ ಟಿಡಿಎಸ್ ಲೆಕ್ಕದಲ್ಲಿ 35,000. ಅಷ್ಟು ಉಪ್ಪನ್ನು ನಾವೇ ಕೈಯಾರೆ ಕಲಸುತ್ತೇವೆ, ಅದರ ಮುಂದೆ ನಲ್ಲಿ ನೀರಿನ ನೂರು ಯಾವ ಮೂಲೆಗೆ ಅಂತ. ತೂಕ ಹಾಕಿದರೆ ಹೌದು, ಅದು ಏನೂ ಅಲ್ಲ. ಆದರೆ ಆ ಮೀಟರ್ ತೂಕವನ್ನೂ ನೋಡುವುದಿಲ್ಲ, ಹೆಸರನ್ನೂ ಹೇಳುವುದಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಆ ನೂರರಲ್ಲಿ ಕ್ಯಾಲ್ಸಿಯಂ ಎಷ್ಟು, ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು, ತಾಮ್ರ ಇದೆಯಾ ಇಲ್ಲವಾ, ಒಂದೂ ಗೊತ್ತಾಗಲ್ಲ. ಸಿಲಿಕೇಟ್ ಅಂತೂ ಆ ಮೀಟರಿಗೆ ಸರಿಯಾಗಿ ಕಾಣುವುದೇ ಇಲ್ಲ. ಹೊಸ ತೊಟ್ಟಿಯ ಮರಳಿನ ಮೇಲೆ ಹರಡುವ ಕಂದು ಪಾಚಿಗೆ ಬೇಕಾದ್ದು ಅದೇ ಸಿಲಿಕೇಟ್.

ಕುಡಿಯಲು ಒಳ್ಳೆಯ ನೀರು ಬೇರೆ, ಸಮುದ್ರದ ಜೀವಿಗೆ ಒಳ್ಳೆಯ ನೀರು ಬೇರೆ ಅನ್ನುವುದು ನನಗೆ ಮನದಟ್ಟಾಗಿದ್ದು ಕುಡಿಯುವ ನೀರಿನ ಮಾನದಂಡ ಓದಿದಾಗ. ಐಎಸ್ 10500 ಅನ್ನುವ ಆ ಭಾರತೀಯ ಮಾನದಂಡದ ಪ್ರಕಾರ ನಾವು ಕುಡಿಯುವ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ತನಕ ಇರಬಹುದು. ಹವಳ ಸಾಕುವವರು ತಮ್ಮ ತೊಟ್ಟಿಯಲ್ಲಿ ಹತ್ತರ ಕೆಳಗೆ ಇಟ್ಟುಕೊಳ್ಳಲು ಒದ್ದಾಡುತ್ತಾರೆ. ತಾಮ್ರದ ವಿಷಯ ಇನ್ನೂ ನೋಡಿ. ಬೇರೆ ನೀರಿನ ಮೂಲ ಇಲ್ಲದ ಕಡೆ ಕುಡಿಯುವ ನೀರಲ್ಲಿ 1.5 ಮಿಲಿಗ್ರಾಂ ತನಕ ಒಪ್ಪುತ್ತಾರೆ. ಸಮುದ್ರ ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಔಷಧಿಯಾಗಿ ಹಾಕುವ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಅಷ್ಟಕ್ಕೇ ಸಿಗಡಿ, ಬಸವನಹುಳು, ಹವಳ ಉಳಿಯುವುದಿಲ್ಲ, ಅದಕ್ಕೇ ಆ ಔಷಧಿಯನ್ನು ಬೇರೆ ತೊಟ್ಟಿಯಲ್ಲಿ ಕೊಡುವುದು. ಕಾಫಿ ತೋಟ ಇರುವವರಿಗೆ ಬೋರ್ಡೋ ದ್ರಾವಣ ಗೊತ್ತಿರುತ್ತದೆ, ಮೈಲುತುತ್ತ ಸುಣ್ಣ ಕಲಸಿ ಹೊಡೆಯುವುದು. ಮೈಲುತುತ್ತ ಅಂದರೆ ತಾಮ್ರವೇ. ತೋಟಕ್ಕೆ ಹೊಡೆದಿದ್ದು ನಲ್ಲಿಗೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ತಾಮ್ರ ಹೆಚ್ಚಾಗಿ ಮಣ್ಣಿಗೇ ಅಂಟಿಕೊಂಡು ಉಳಿಯುತ್ತದೆ. ಮನೆಯೊಳಗಿನ ಹಿತ್ತಾಳೆ ನಲ್ಲಿ, ಗೀಸರಿನ ತಾಮ್ರದ ಕೊಳವೆ, ನನಗೆ ಭಯ ಇರುವುದು ಅವುಗಳ ಮೇಲೆ. ಬಿಸಿನೀರಿನ ನಲ್ಲಿಯಿಂದ ತೊಟ್ಟಿಗೆ ಒಂದು ಚೊಂಬು ನೀರೂ ಹಾಕಬೇಡಿ.

ಇಷ್ಟು ಓದಿಯೂ ನಲ್ಲಿ ನೀರೇ ಸಾಕು ಅನ್ನಿಸಿದರೆ, ಆವಿಯಾಗುವ ನೀರಿನ ಲೆಕ್ಕ ಒಂದು ಮಾಡಿ. ನನ್ನ ತೀರ್ಮಾನ ಗಟ್ಟಿಯಾಗಿದ್ದು ಅಲ್ಲೇ. ಸಾರು ಕುದಿಸಿದಷ್ಟೂ ಉಪ್ಪು ಏರುತ್ತದಲ್ಲ, ತೊಟ್ಟಿಯಲ್ಲೂ ಅದೇ ನಡೆಯುತ್ತದೆ. ಹೋಗುವುದು ನೀರು ಮಾತ್ರ, ಅದರಲ್ಲಿದ್ದ ಬೇರೆಲ್ಲ ಅಲ್ಲೇ ಉಳಿಯುತ್ತದೆ. ಹೋದಷ್ಟು ಸಿಹಿನೀರನ್ನು ದಿನಾ ತುಂಬಲೇಬೇಕು. 150 ಲೀಟರಿನ ತೊಟ್ಟಿ, ದಿನಕ್ಕೆ 2 ಲೀಟರ್ ಆವಿ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 730 ಲೀಟರ್ ಆಯಿತು. ನಲ್ಲಿ ನೀರಲ್ಲಿ ಫಾಸ್ಫೇಟ್ ಲೀಟರಿಗೆ ಬರೀ 0.1 ಮಿಲಿಗ್ರಾಂ ಇದ್ದರೂ ವರ್ಷದಲ್ಲಿ 73 ಮಿಲಿಗ್ರಾಂ ಒಳಗೆ ಹೋಗುತ್ತದೆ. 150 ಲೀಟರಿಗೆ ಹಂಚಿದರೆ ಲೀಟರಿಗೆ ಹತ್ತಿರ ಹತ್ತಿರ ಅರ್ಧ ಮಿಲಿಗ್ರಾಂ. ಇದು ಮೀನಿನ ಆಹಾರದಿಂದ ಬರುವುದನ್ನು ಬಿಟ್ಟು. ಹವಳದ ತೊಟ್ಟಿಯಲ್ಲಿ ಫಾಸ್ಫೇಟ್ 0.1 ದಾಟದಂತೆ ನೋಡಿಕೊಳ್ಳುತ್ತಾರೆ. ಸ್ವಲ್ಪ ಪಾಚಿ ಹೀರಿಕೊಳ್ಳುತ್ತದೆ, ಸ್ವಲ್ಪ ನೀರು ಬದಲಾಯಿಸುವಾಗ ಹೋಗುತ್ತದೆ, ನಿಜ. ಆದರೆ ಪಾಚಿ ಹೀರಿಕೊಂಡು ಬೆಳೆಯುವುದೇ ನಮ್ಮ ತಲೆನೋವು ಅಲ್ವಾ?

ಹಾಗಾಗಿ ತುಂಬುವ ನೀರಿನಲ್ಲಿ ಏನೂ ಇರಬಾರದು ಅಂತ ನಿರ್ಧಾರ ಮಾಡಿದೆ. ಅದನ್ನು ಎಲ್ಲಿಂದ ತರುವುದು ಅಂತ ಒಂದೊಂದಾಗಿ ನೋಡುತ್ತಾ ಹೋದೆ.

ಮಂಗಳೂರಿಂದ ಸಮುದ್ರದ ನೀರನ್ನೇ ತರಬಹುದಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಚಾರ್ಮಾಡಿ ಘಾಟಿ ಇಳಿದರೆ ಸಮುದ್ರ ದೂರವೇನಲ್ಲ. ಆದರೆ ಮಂಗಳೂರಲ್ಲಿ ನೇತ್ರಾವತಿ, ಗುರುಪುರ ಎರಡೂ ನದಿ ಬಂದು ಸೇರುತ್ತವೆ, ಮಳೆಗಾಲದಲ್ಲಿ ದಡದ ನೀರು ಕೆಂಪಾಗಿ ಸಪ್ಪೆಯಾಗಿಬಿಡುತ್ತದೆ. ಬಂದರಿನ ಎಣ್ಣೆ, ಊರಿನ ಕೊಳಚೆ ಬೇರೆ. ಅಲ್ಲದೆ ದಿನಾ ಆವಿಯಾಗುವ ಜಾಗಕ್ಕೆ ಸಮುದ್ರದ ನೀರು ತುಂಬಲು ಬರುವುದಿಲ್ಲ, ಉಪ್ಪು ಏರುತ್ತಲೇ ಹೋಗುತ್ತದೆ.

ಕಾಯಿನ್ ಹಾಕಿದರೆ ಬರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಅಗ್ಗ. ನಾನು ಕ್ಯಾನಿನಲ್ಲಿ ಹಿಡಿದು ತಂದು ಬೇರೆ ಬೇರೆ ದಿನ ಮೀಟರ್ ಹಾಕಿ ನೋಡಿದೆ, ಒಂದು ದಿನ ಇದ್ದ ಅಂಕಿ ಇನ್ನೊಂದು ದಿನ ಇರಲಿಲ್ಲ. ಅವರು ಕೊಡುವುದು ಕುಡಿಯುವ ನೀರು, ಅದು ಸೊನ್ನೆಯೇ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಅಂಗಡಿಯ 20 ಲೀಟರ್ ಕ್ಯಾನಿನದ್ದೂ ಇದೇ ಕತೆ, ಕೆಲವರು ರುಚಿಗೆ ಖನಿಜ ಸೇರಿಸುತ್ತಾರೆ. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರಿನ ಬೆಲೆ ದಿನಾ ಬಳಕೆಗೆ ಆಗುವಂಥದ್ದಲ್ಲ.

ಉಳಿದಿದ್ದು ಅಡುಗೆಮನೆಯ ಆರ್‌ಒ. ಈಗಾಗಲೇ ಮನೆಯಲ್ಲಿ ಪ್ಯೂರಿಫೈಯರ್ ಇರುವವರು ಇದನ್ನು ಗಮನವಿಟ್ಟು ಓದಿ. ಅದರ ಮೆಂಬ್ರೇನ್, ಅಂದರೆ ಒಳಗಿನ ಪೊರೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕರಗಿದ್ದರಲ್ಲಿ ನೂರಕ್ಕೆ 95 ಭಾಗ ತೆಗೆದುಬಿಡುತ್ತದೆ. ಸಮಸ್ಯೆ ಇರುವುದು ಮೆಂಬ್ರೇನ್ ಆದಮೇಲೆ. ಹಲವು ಮಾಡೆಲ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಇರುತ್ತದೆ, ಅದು ಆರ್‌ಒ ಆಗದ ನೀರನ್ನು ಸ್ವಲ್ಪ ವಾಪಸ್ ಬೆರೆಸುತ್ತದೆ. ಇಲ್ಲವೇ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಈಗಂತೂ ತಾಮ್ರದ ಕಾರ್ಟ್ರಿಜ್ ಇರುವ ಮಾಡೆಲ್‌ಗಳು ಬಂದಿವೆ, ಆರೋಗ್ಯಕ್ಕೆ ಒಳ್ಳೆಯದು ಅಂತ ಜಾಹೀರಾತು ಬೇರೆ. ನಮಗೆ ಒಳ್ಳೆಯದೇ ಇರಬಹುದು, ಸಿಗಡಿಗೆ ಅದು ವಿಷ. ಆ ನಲ್ಲಿಯಿಂದ ನೇರ ಹಿಡಿದು ತೊಟ್ಟಿಗೆ ಹಾಕಬೇಡಿ.

ನಾನು ಸಾಮಾನೆಲ್ಲ ಬಿಡಿಬಿಡಿಯಾಗಿ ತಂದು, ಯುಟಿಲಿಟಿಯ ಗೋಡೆಗೆ ಬೇರೆಯೇ ಒಂದು ಸಾಲು ಜೋಡಿಸಿದೆ. ಮೊದಲು ಮಣ್ಣು ಕಸ ತಡೆಯುವ ಸ್ಪನ್ ಫಿಲ್ಟರ್, ಆಮೇಲೆ ಕ್ಲೋರಿನ್ ತೆಗೆಯುವ ಕಾರ್ಬನ್ ಬ್ಲಾಕ್, ಒತ್ತಡ ಕೊಡುವ ಬೂಸ್ಟರ್ ಪಂಪ್, ಮೆಂಬ್ರೇನ್, ಕೊನೆಗೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಸಣ್ಣ ಮಣಿಗಳು) ತುಂಬಿದ ಹೌಸಿಂಗ್, ಅಂದರೆ ಡಬ್ಬಿ. ಇವೆಲ್ಲ ನಮ್ಮೂರಿನ ಆರ್‌ಒ ರಿಪೇರಿ ಅಂಗಡಿಗಳಲ್ಲೇ ಸಿಗುತ್ತವೆ, ರೆಸಿನ್ ಮಾತ್ರ ಹೊರಗಿಂದ ತರಿಸಿದೆ. ಕಾರ್ಬನ್ ಯಾಕೆ ಮುಖ್ಯ ಅಂದರೆ ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಗುತ್ತದೆ. ಮಳೆಗಾಲದಲ್ಲಿ ನೀರು ರಾಡಿಯಾದಾಗ ಆಲಂ, ಬ್ಲೀಚಿಂಗ್ ಎರಡೂ ಜಾಸ್ತಿ ಬೀಳುತ್ತದೆ, ಕೊಡ ತುಂಬುವಾಗಲೇ ವಾಸನೆ ಬರುತ್ತದೆ. ಆ ತಿಂಗಳುಗಳಲ್ಲಿ ಸ್ಪನ್ ಫಿಲ್ಟರ್ ಬೇಗ ಕೆಂಪಾಗುತ್ತದೆ, ಬೇಗ ಬದಲಾಯಿಸುತ್ತೇನೆ. ನಲ್ಲಿ ನೀರನ್ನೇ ನಂಬಿಕೊಂಡವರಿಗೆ ಇದೂ ಒಂದು ತೊಂದರೆ, ಮಾರ್ಚ್‌ನಲ್ಲಿ ಟೆಸ್ಟ್ ಮಾಡಿದ ನೀರು ಜುಲೈನಲ್ಲಿ ಅದೇ ನೀರಾಗಿರುವುದಿಲ್ಲ.

ಮೆಂಬ್ರೇನ್ ಆದಮೇಲೆ ನನ್ನ ನೀರು ನಾಲ್ಕೈದು ತೋರಿಸುತ್ತದೆ, ರೆಸಿನ್ ದಾಟಿದ ಮೇಲೆ ಸೊನ್ನೆ. ಇಲ್ಲಿ ಮಾತ್ರ ನಮ್ಮ ಮಲೆನಾಡಿನ ನೀರು ದುಡ್ಡು ಉಳಿಸುತ್ತದೆ. ಒಳಗೆ ಬರುವುದೇ ನೂರು ಆದ್ದರಿಂದ ರೆಸಿನ್ ತುಂಬಾ ದಿನ ಬಾಳುತ್ತದೆ. ಗಡಸು ಬೋರ್ ನೀರಿನವರಿಗೆ ಈ ಭಾಗ್ಯ ಇಲ್ಲ, ಅವರು ಆ ನೀರನ್ನು ನೇರ ತೊಟ್ಟಿಗೆ ಹಾಕುವ ಯೋಚನೆಯನ್ನೇ ಬಿಡಬೇಕು.

ದಿನನಿತ್ಯದ ಬಳಕೆಯಲ್ಲಿ ಗೊತ್ತಿರಬೇಕಾದ್ದು ಕೆಲವು ಇವೆ. ಯಂತ್ರ ಹಾಕಿದ ಕೂಡಲೇ ಬರುವ ಒಂದೆರಡು ಲೀಟರಿನಲ್ಲಿ ಟಿಡಿಎಸ್ ಜಾಸ್ತಿ ಇರುತ್ತದೆ, ಅದನ್ನು ಡಿಐಗೆ ಬಿಡದೆ ಹೊರಗೆ ಹಿಡಿಯುತ್ತೇನೆ. ಇದರಿಂದ ರೆಸಿನ್ ಉಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಮಾಡುವ ಬದಲು ಒಂದೇ ಸಲ ಡ್ರಮ್ ತುಂಬುವುದು ಒಳ್ಳೆಯದು, ಮಳೆಗಾಲದಲ್ಲಿ ಕರೆಂಟ್ ಹೋಗುವ ನಮ್ಮೂರಿಗೆ ಅದು ಅನಿವಾರ್ಯವೂ ಹೌದು. ಚಳಿಗಾಲದಲ್ಲಿ ನೀರು ತಣ್ಣಗಿದ್ದಾಗ ಮೆಂಬ್ರೇನಿನಿಂದ ನೀರು ನಿಧಾನ ಬರುತ್ತದೆ, ಕೆಟ್ಟಿದೆ ಅಂತ ಬಿಚ್ಚಲು ಹೋಗಬೇಡಿ. ಡ್ರಮ್ ಪ್ಲಾಸ್ಟಿಕ್, ಅದರ ನಲ್ಲಿಯೂ ಪ್ಲಾಸ್ಟಿಕ್. ಬಣ್ಣ ಬದಲಾಗುವ ರೆಸಿನ್ ಆದರೆ ಪೂರ್ತಿ ಬಣ್ಣ ಹೋಗುವ ತನಕ ಕಾಯಬೇಡಿ, ಮುಗಿದುಹೋದ ರೆಸಿನ್ ಮೊದಲು ಹಿಡಿದಿಟ್ಟ ಸಿಲಿಕೇಟನ್ನು ವಾಪಸ್ ಬಿಡುತ್ತದೆ.

ನೀರು ಬದಲಾಯಿಸುವಾಗ 20 ಲೀಟರ್ ಬಕೆಟಿಗೆ ಸುಮಾರು 700 ಗ್ರಾಂ ಅಕ್ವೇರಿಯಂ ಉಪ್ಪು. ಮೊದಲು ನೀರು, ಆಮೇಲೆ ಉಪ್ಪು, ಸ್ವಲ್ಪ ಸ್ವಲ್ಪವಾಗಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬೆಳ್ಳಗೆ ಗರಣೆ ಕಟ್ಟಿ ತಳಕ್ಕೆ ಕೂರುತ್ತದೆ. ಸಣ್ಣ ಪಂಪ್ ಹಾಕಿ ರಾತ್ರಿಯಿಡೀ ತಿರುಗಲು ಬಿಟ್ಟು, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಬಂತಾ ಅಂತ ನೋಡಿ ಬಳಸುತ್ತೇನೆ.

ಆರ್‌ಒ ಅಂದರೆ ನೀರು ಪೋಲು ಅನ್ನುವ ಮಾತು ಮನೆಯಲ್ಲೂ ಬಂತು. "ನಾವು ಕುಡಿಯೋ ನೀರಿಗಿಂತ ಮೀನಿನ ನೀರೇ ಚೊಕ್ಕ ಆಗಬೇಕಾ ಮಗಾ, ಅಷ್ಟು ನೀರು ಚರಂಡಿಗೆ ಹೋಗ್ತಿದೆ" ಅಂತ ಅಮ್ಮ ಕೇಳಿದರು. ಅವರು ಹೇಳಿದ್ದು ನ್ಯಾಯವೇ. ಒಂದು ಲೀಟರ್ ಸಿಗಲು ಮೂರರಷ್ಟು ಆಚೆ ಹೋಗುತ್ತದೆ. ಆ ಪೈಪನ್ನು ಇನ್ನೊಂದು ಡ್ರಮ್ಮಿಗೆ ಬಿಟ್ಟೆ. ನಮ್ಮ ನೀರಿನಲ್ಲಿ ಹೊರಗೆ ಬರುವುದರ ಟಿಡಿಎಸ್ಸೂ ನೂರೈವತ್ತನ್ನು ದಾಟುವುದಿಲ್ಲ, ಬಟ್ಟೆಗೆ, ನೆಲ ಒರೆಸಲು, ಹಿತ್ತಲಿನ ಗಿಡಕ್ಕೆ ಆರಾಮಾಗಿ ಆಗುತ್ತದೆ.

ಹಾಗಾದರೆ ನಲ್ಲಿ ನೀರು ಯಾರಿಗೂ ಬೇಡವಾ? ಬರೀ ಮೀನು ಸಾಕುವವರಿಗೆ, ಸಿಗಡಿ ಹವಳ ಯಾವುದೂ ಇಲ್ಲದವರಿಗೆ, ನಮ್ಮೂರಿನ ನೀರಲ್ಲಿ ನಡೆಯುತ್ತದೆ. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಪಾಚಿ ಉಜ್ಜುವ ಕೆಲಸ ಜಾಸ್ತಿ ಇರುತ್ತದೆ ಅಂತ ಒಪ್ಪಿಕೊಂಡು ಮಾಡಬಹುದು. ದುಡ್ಡು ಸ್ವಲ್ಪವೇ ಇದ್ದರೆ ದಿನಾ ತುಂಬುವ ನೀರನ್ನಾದರೂ ಶುದ್ಧ ಮಾಡಿಕೊಳ್ಳಿ, ಉಪ್ಪು ಕಲಸುವ ನೀರಿನ ವಿಷಯ ಆಮೇಲೆ ನೋಡಿ. ನನ್ನ ತೊಟ್ಟಿಯಲ್ಲಿ ಕ್ಲೌನ್ ಮೀನಿನ ಜೋಡಿ, ಸಿಗಡಿ, ಬಸವನಹುಳು, ಒಂದಿಷ್ಟು ಮಶ್ರೂಮ್ ಕೋರಲ್ ಅನ್ನುವ ಮೆತ್ತನೆಯ ಹವಳ ಇವೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಯಾರಾದರೂ ಕೊಡುತ್ತೇನೆ ಅಂದರೂ ತೆಗೆದುಕೊಳ್ಳಬೇಡಿ. ಸಿಗಡಿ ಸಾಕುವ ಆಸೆ ಇರುವವರು ಮಾತ್ರ ಮೀನಿಗಿಂತ ಮೊದಲು ಡಿಐ ಹೌಸಿಂಗಿಗೆ ದುಡ್ಡು ಎತ್ತಿಡಿ.