ಪಾಲಿಕೆ ಸಭೆಯಲ್ಲಿ ವಾರ್ಡ್‌ನ ಪ್ರಶ್ನೆ: ಉತ್ತರ ಬರುವಂತೆ ಕೇಳುವುದು ಹೇಗೆ?

ವಾರ್ಡ್ ಸದಸ್ಯರು ಮೇ ತಿಂಗಳ ಪರಿಷತ್ ಸಭೆಯಲ್ಲಿ ಎದ್ದು ನಿಂತು "ನಮ್ಮ ವಾರ್ಡ್‌ನ ತೋಡಿನ ಹೂಳು ಇನ್ನೂ ತೆಗೆದಿಲ್ಲ" ಎಂದರೆ "ಕೆಲಸ ಪ್ರಗತಿಯಲ್ಲಿದೆ" ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಜೂನ್ ಮೊದಲ ವಾರ ಈ ಮಳೆನೀರಿನ ತೋಡು ಉಕ್ಕಿ ನೀರು ಮನೆಯೊಳಗೆ ಬಂದಾಗ ಆ ಉತ್ತರವನ್ನು ಹಿಡಿದು ಯಾರನ್ನೂ ಕೇಳಲಾಗುವುದಿಲ್ಲ. ಅದೇ ಪ್ರಶ್ನೆಯನ್ನು ಫೆಬ್ರವರಿಯಲ್ಲಿ, ಟೆಂಡರ್ ಆಗುವ ಮೊದಲು, ಅಳತೆ ಸಮೇತ ಕೇಳಿದ್ದರೆ ಕತೆಯೇ ಬೇರೆ.

ಮಂಗಳೂರು ಪಾಲಿಕೆಯ 60 ವಾರ್ಡ್‌ಗಳಿಗೂ ಉಡುಪಿ ನಗರಸಭೆಯ 35 ವಾರ್ಡ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಸಭೆಯಲ್ಲಿ ಕೂಗಾಡಿದ್ದು ಮರುದಿನದ ಪತ್ರಿಕೆಯಲ್ಲಿ ಬರಬಹುದು. ಆದರೆ ಮೂರು ತಿಂಗಳ ನಂತರ ಕೈಯಲ್ಲಿ ಹಿಡಿದು ಕೇಳಬಹುದಾದದ್ದು ನಡಾವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ಸೇರಿದ ಉತ್ತರ ಮಾತ್ರ. ಆ ಉತ್ತರದಲ್ಲಿ ಒಂದು ತಾರೀಕು, ಒಂದು ಅಳತೆ, ಜವಾಬ್ದಾರಿ ಹೊತ್ತ ಒಂದು ಹುದ್ದೆ ಇರಬೇಕು. ಈ ಮೂರನ್ನು ಹೊರಡಿಸುವಂತೆ ಪ್ರಶ್ನೆಯನ್ನು ಕಟ್ಟಬೇಕು.

ಮೊದಲು, ಯಾರನ್ನು ಕೇಳುವುದು?

ಎಷ್ಟೋ ಪ್ರಶ್ನೆಗಳು ಹಾಳಾಗುವುದು ಇಲ್ಲಿ. ಪಂಪ್‌ವೆಲ್ ಅಥವಾ ಕೊಟ್ಟಾರ ಚೌಕಿಯಲ್ಲಿ ನೀರು ನಿಂತರೆ ಹೆದ್ದಾರಿ 66ರ ಭಾಗ ಹೆದ್ದಾರಿ ಪ್ರಾಧಿಕಾರದ್ದು, ಅದಕ್ಕೆ ಬಂದು ಸೇರುವ ರಾಜಕಾಲುವೆ ಪಾಲಿಕೆಯದ್ದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಸೇರಿಸಿದರೆ "ಹೆದ್ದಾರಿ ಇಲಾಖೆಗೆ ಪತ್ರ ಬರೆಯಲಾಗಿದೆ" ಎಂದು ಹೇಳಿ ಕೂರುತ್ತಾರೆ. ಬೇರ್ಪಡಿಸಿ ಕೇಳಿ: "ರಾಜಕಾಲುವೆಯ ನಮ್ಮ ಪಾಲಿನ ಉದ್ದ ಎಷ್ಟು? ಹೆದ್ದಾರಿ ಪ್ರಾಧಿಕಾರಕ್ಕೆ ಬರೆದ ಪತ್ರದ ಸಂಖ್ಯೆ, ದಿನಾಂಕ ಯಾವುದು?" ದಾರಿದೀಪದಲ್ಲೂ ಹೀಗೆಯೇ. ದೀಪದ ನಿರ್ವಹಣೆ ಪಾಲಿಕೆಯದ್ದು, ಅದಕ್ಕೆ ಕರೆಂಟು ಮೆಸ್ಕಾಂನದ್ದು. ಜಲಸಿರಿ ಕುಡಿಯುವ ನೀರಿನ ಯೋಜನೆಯ ಪೈಪಿಗೆಂದು ಅಗೆದ ರಸ್ತೆಯ ವಿಷಯವಾದರೆ ಆ ಯೋಜನೆಯ ಹೊಣೆ ಹೊತ್ತ ಸರಕಾರಿ ನಿಗಮವಾದ ಕೆಯುಐಡಿಎಫ್‌ಸಿ ಎಂಜಿನಿಯರ್‌ಗಳು ಸಭೆಗೆ ಬಂದಿರಬೇಕು. ಅವರನ್ನು ಕರೆಸುವಂತೆ ಮೊದಲೇ ಬರೆದು ಕೊಡದಿದ್ದರೆ ಆ ದಿನ ಉತ್ತರಿಸಲು ಯಾರೂ ಇರುವುದಿಲ್ಲ.

ಪಾಲಿಕೆಯ ಒಳಗೆ ನಾಲ್ಕು ಸ್ಥಾಯಿ ಸಮಿತಿಗಳಿವೆ: ತೆರಿಗೆ, ಹಣಕಾಸು ಮತ್ತು ಅಪೀಲು; ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ನಗರ ಯೋಜನೆ; ಲೆಕ್ಕಪತ್ರ. ಕಸದ ಗಾಡಿಯ ಪ್ರಶ್ನೆ ಆರೋಗ್ಯ ಸಮಿತಿ ಅಧ್ಯಕ್ಷರಿಗೆ. ಆದರೆ ಅದೇ ಗುತ್ತಿಗೆಯ ಬಿಲ್ ಹೇಗೆ ಪಾಸಾಯಿತು ಎಂಬುದನ್ನು ಲೆಕ್ಕಪತ್ರ ಸಮಿತಿಯಲ್ಲಿ ಕೇಳಬೇಕು. ಎಲ್ಲವನ್ನೂ ಮೇಯರ್ ಮೇಲೆಯೇ ಎಸೆಯುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಸಮಿತಿ ಅಧ್ಯಕ್ಷರು ಸಲೀಸಾಗಿ ಪಾರಾಗುತ್ತಾರೆ.

ಅಳತೆ ತೆಗೆದುಕೊಂಡು ಹೋಗಿ

ಹೂಳಿನ ಉದಾಹರಣೆಯನ್ನೇ ನೋಡೋಣ. ತೋಡಿನ ಉದ್ದ 300 ಮೀಟರ್, ಅಗಲ 2 ಮೀಟರ್, ಹೂಳಿನ ಆಳ ಅರ್ಧ ಮೀಟರ್ ಅಂದುಕೊಳ್ಳಿ. ಅಲ್ಲಿಗೆ 300 ಘನ ಮೀಟರ್ ಹೂಳು. 6 ಘನ ಮೀಟರ್ ಹಿಡಿಯುವ ಟಿಪ್ಪರ್ ಆದರೆ 50 ಲೋಡ್. ಆಳ ನೋಡಲು ಗುರುತು ಹಾಕಿದ ಒಂದು ಬಿದಿರು ಕೋಲು ಸಾಕು: 50 ಮೀಟರಿಗೊಮ್ಮೆ ಗಟ್ಟಿ ನೆಲ ಸಿಗುವ ತನಕ ಒತ್ತಿ, ಹೂಳು ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದುಕೊಂಡು ಸರಾಸರಿ ತೆಗೆಯಿರಿ. ಫೋಟೊದಲ್ಲಿ ಕೋಲು ಕಾಣಬೇಕು, ತಾರೀಕೂ ಇರಬೇಕು.

ಈಗ ಪ್ರಶ್ನೆ ಹೀಗಾಗುತ್ತದೆ: "ಈ ತೋಡಿನ ಹೂಳೆತ್ತುವ ಅಂದಾಜು ಪಟ್ಟಿಯಲ್ಲಿ ಎಷ್ಟು ಘನ ಮೀಟರ್ ತೋರಿಸಲಾಗಿದೆ?" ಕೆಲಸ ಶುರುವಾದ ಮೇಲಿನ ಸಭೆಯಲ್ಲಿ: "ಕಾರ್ಯಾದೇಶದ ದಿನಾಂಕ ಯಾವುದು? ಎಷ್ಟು ಲೋಡ್ ಸಾಗಿಸಲಾಗಿದೆ, ಎಲ್ಲಿ ಹಾಕಲಾಗಿದೆ? ಅಳತೆ ಪುಸ್ತಕದಲ್ಲಿ ಯಾವ ದಿನ ನಮೂದಾಗಿದೆ?" ಅಳತೆ ಪುಸ್ತಕವೆಂದರೆ ಮುಗಿದ ಕೆಲಸವನ್ನು ಎಂಜಿನಿಯರ್ ಅಳೆದು ಬರೆದಿಡುವ ದಾಖಲೆ. "ಎಲ್ಲಿ ಹಾಕಲಾಗಿದೆ" ಎಂಬುದನ್ನು ಬಿಡಲೇಬೇಡಿ. ಹೂಳನ್ನು ತೋಡಿನ ದಂಡೆಯ ಮೇಲೆಯೇ ರಾಶಿ ಹಾಕಿ ಬಿಟ್ಟರೆ ಮೊದಲ ಮಳೆಗಳಿಗೇ ವಾಪಸು ತೋಡಿಗೇ ಇಳಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ದಂಡೆಯ ಮೇಲಿಟ್ಟ ಮಣ್ಣು ಉಳಿಯುವುದುಂಟೆ? ಬಿಲ್ ಮಾತ್ರ ಪಾವತಿಯಾಗಿರುತ್ತದೆ.

ನೀರಿನ ಪ್ರಶ್ನೆ

ಮಂಗಳೂರಿಗೆ ನೀರು ಬರುವುದು ನೇತ್ರಾವತಿ ನದಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. "ನೀರು ಸರಿಯಾಗಿ ಬರುತ್ತಿಲ್ಲ" ಎಂದರೆ "ತುಂಬೆಯಲ್ಲಿ ಮಟ್ಟ ಕಡಿಮೆ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. 2019ರ, 2023ರ ಬೇಸಿಗೆಯಲ್ಲಿ ಅದು ನಿಜವೇ ಆಗಿತ್ತು, ರೇಷನಿಂಗ್ ಮಾಡಬೇಕಾಯಿತು. ಆದರೆ ಕಿಂಡಿ ಅಣೆಕಟ್ಟಿನಲ್ಲಿ 6 ಮೀಟರ್ ನೀರು ನಿಂತಿದ್ದಾಗಲೂ ಎತ್ತರದ ಜಾಗದ ಮನೆಗಳಿಗೆ, ಲೈನಿನ ಕೊನೆಯ ಮನೆಗಳಿಗೆ ನೀರು ಏರುವುದಿಲ್ಲವಾದರೆ ಕಾರಣ ತುಂಬೆಯಲ್ಲಿಲ್ಲ, ವಿತರಣೆಯಲ್ಲಿದೆ. ಆದ್ದರಿಂದ ಆ ವಾರದ ತುಂಬೆಯ ಮಟ್ಟವನ್ನು ನೀವೇ ಪ್ರಶ್ನೆಯ ಮೊದಲ ಸಾಲಿನಲ್ಲಿ ಬರೆಯಿರಿ. ಉಡುಪಿಯವರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ಮಟ್ಟ ಬರೆಯಬೇಕು. ತಪ್ಪಿಸಿಕೊಳ್ಳುವ ದಾರಿ ಅಲ್ಲೇ ಮುಚ್ಚುತ್ತದೆ.

ಆಮೇಲೆ ಲೆಕ್ಕ. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ವಾರ್ಡ್‌ನಲ್ಲಿ 5,000 ಜನ ಇದ್ದರೆ 6.75 ಲಕ್ಷ ಲೀಟರ್ ಬೇಕು. "ನಮ್ಮ ವಾರ್ಡ್‌ಗೆ ನೀರು ಬಿಡುವ ಟ್ಯಾಂಕಿನ ಸಾಮರ್ಥ್ಯ ಎಷ್ಟು, ವಾಲ್ವ್ ತೆರೆಯುವ ಮತ್ತು ಮುಚ್ಚುವ ಸಮಯ ಯಾವುದು, ಕಳೆದ 30 ದಿನಗಳಲ್ಲಿ ಎಷ್ಟು ದಿನ ಆ ಸಮಯ ಪಾಲನೆಯಾಗಿದೆ?" ಎಂದು ಕೇಳಿ. ಈ ಪ್ರಶ್ನೆಗೆ ಮುನ್ನ ವಾಲ್ವ್‌ಮ್ಯಾನ್ ಜೊತೆ ಅರ್ಧ ಗಂಟೆ ಮಾತನಾಡಿ. ಯಾವ ವಾಲ್ವ್ ತುಕ್ಕು ಹಿಡಿದು ಅರ್ಧ ಮಾತ್ರ ತಿರುಗುತ್ತದೆ ಎಂಬುದು ಕಡತದಲ್ಲಿ ಇರುವುದಿಲ್ಲ, ಅವರ ಕೈಗೆ ಗೊತ್ತಿರುತ್ತದೆ. ಸಭೆಯಲ್ಲಿ ಮಾತ್ರ ಅವರ ಹೆಸರು ಎತ್ತಬೇಡಿ. ಮರುದಿನ ಬೈಗುಳ ತಿನ್ನುವವರು ಅವರೇ ಆಗುತ್ತಾರೆ.

ವೆಟ್‌ವೆಲ್ ಮತ್ತು ಬಾವಿ

ಒಳಚರಂಡಿ ನೀರು ತೋಡಿಗೆ, ಉಡುಪಿಯಲ್ಲಾದರೆ ಇಂದ್ರಾಣಿಗೆ ಸೇರುವ ದೂರು ಹಳೆಯದು. ಕಾರಣ ಸಾಮಾನ್ಯವಾಗಿ ಎರಡು. ಮಳೆಗೆ ಕರೆಂಟು ಹೋದಾಗ, ಕೊಳಚೆ ನೀರನ್ನು ಸಂಗ್ರಹಿಸಿ ಮುಂದಕ್ಕೆ ಪಂಪ್ ಮಾಡುವ ತೊಟ್ಟಿಯಾದ ವೆಟ್‌ವೆಲ್ ಪಂಪ್ ನಿಲ್ಲುತ್ತದೆ, ಬಂದ ನೀರು ಹೊರಗೆ ಚೆಲ್ಲುತ್ತದೆ. ಇನ್ನೊಂದು, ಮನೆಯ ಮಾಡಿನ ನೀರನ್ನು ಒಳಚರಂಡಿಗೇ ಜೋಡಿಸಿರುವುದು. ಇದರಿಂದ ಜೂನ್‌ನಲ್ಲಿ ಮ್ಯಾನ್‌ಹೋಲ್ ಮುಚ್ಚಳ ಏಳುತ್ತದೆ. ಹಾಗಾಗಿ ಕೇಳಬೇಕಾದದ್ದು: ಪಂಪ್ ಎಷ್ಟು, ಅದರಲ್ಲಿ ಚಾಲ್ತಿಯಲ್ಲಿರುವುದು ಎಷ್ಟು, ಜನರೇಟರ್ ಇದೆಯೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಓಡಿದ ಗಂಟೆ ಎಷ್ಟು, ಖರ್ಚಾದ ಡೀಸೆಲ್ ಎಷ್ಟು. ಗಂಟೆಗೂ ಡೀಸೆಲ್‌ಗೂ ತಾಳೆಯಾಗದಿದ್ದರೆ ಮುಂದಿನ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ.

ಹತ್ತಿರದ ಬಾವಿಗಳನ್ನು ಮರೆಯಬಾರದು. ತೂತು ತೂತಾದ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿಯುತ್ತದೆ, ಕೊಳಚೆಯೂ ಹಾಗೆಯೇ. ಎರಡು ಮೂರು ಬಾವಿಯ ನೀರನ್ನು ಕ್ರಿಮಿರಹಿತಗೊಳಿಸಿದ (ಸ್ಟೆರೈಲ್) ಬಾಟಲಿಯಲ್ಲಿ ಪರೀಕ್ಷೆಗೆ ಕೊಟ್ಟು ವರದಿ ಲಗತ್ತಿಸಿ. ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಇ-ಕೋಲಿ ಕಾಣಿಸಲೇಬಾರದು ಎಂಬುದು ನಿಯಮ. ಒಂದು ವರದಿ ಮೇಜಿನ ಮೇಲಿದ್ದರೆ ವಾದ ಬೇಗ ಮುಗಿಯುತ್ತದೆ.

ಬರೆದು ಕೊಡುವುದು, ಎದ್ದು ಕೇಳುವುದು

ಪ್ರಶ್ನೆಯನ್ನು ಪರಿಷತ್ ಕಾರ್ಯದರ್ಶಿಗೆ ಸಭೆಗೆ ಹತ್ತು ಹನ್ನೆರಡು ದಿನ ಮೊದಲೇ ಲಿಖಿತವಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಒಂದು ಪತ್ರಕ್ಕೆ ಒಂದೇ ವಿಷಯ. ಕಸ, ನಾಯಿ, ದೀಪ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಪತ್ರ ಮೂರು ಮೇಜು ಸುತ್ತಿ ಎಲ್ಲೋ ಒಂದು ಕಡೆ ನಿಲ್ಲುತ್ತದೆ.

ನಿಮ್ಮ ಪಕ್ಷದವರೇ ಸಮಿತಿಯ ಅಧ್ಯಕ್ಷರಾಗಿದ್ದರೂ ಪ್ರಶ್ನೆ ಕೇಳುವುದು ನಿಮ್ಮ ಕೆಲಸ. ಆದರೆ ಹಿಂದಿನ ದಿನ ಫೋನ್ ಮಾಡಿ "ಅಣ್ಣ, ನಾಳೆ ವೆಟ್‌ವೆಲ್ ವಿಷಯ ಕೇಳ್ತೇನೆ, ಲಾಗ್ ಬುಕ್ ತರಿಸಿ ಇಡಿ" ಎಂದು ಹೇಳಿ. ವಿರೋಧ ಪಕ್ಷದ ಅಧ್ಯಕ್ಷರಾದರೂ ಇದೇ ರೀತಿ. ಅನಿರೀಕ್ಷಿತವಾಗಿ ಸಿಕ್ಕಿಬಿದ್ದವರು ಉತ್ತರ ಕೊಡುವುದಿಲ್ಲ, ಜಗಳ ತೆಗೆಯುತ್ತಾರೆ. ಗದ್ದಲದಲ್ಲಿ ಸಭೆ ಮುಂದೂಡಿದರೆ ನಷ್ಟ ನಿಮ್ಮ ವಾರ್ಡಿಗೇ.

ಸಭೆಯಲ್ಲಿ ಎರಡು ನಿಮಿಷ ಮೀರಬೇಡಿ. ಬಿಸಿ ಏರಿದಾಗ ಮಾತು ತುಳುವಿಗೆ ಹೊರಳುತ್ತದೆ, ಅದು ಸಹಜವೂ ಚಂದವೂ ಹೌದು. ಆದರೆ ನಡಾವಳಿ ಬರೆಯುವುದು ಕನ್ನಡದಲ್ಲಿ. ಆದ್ದರಿಂದ ಮುಖ್ಯ ವಾಕ್ಯವನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿ, "ಇದು ನಡಾವಳಿಯಲ್ಲಿ ದಾಖಲಾಗಲಿ" ಎಂದು ಸೇರಿಸಿ. "ಪರಿಶೀಲಿಸುತ್ತೇವೆ" ಎಂದರೆ ಕೂರಬೇಡಿ. ಪರಿಶೀಲನೆ ಯಾವ ಎಂಜಿನಿಯರ್‌ನದ್ದು, ಯಾವ ದಿನದೊಳಗೆ ಎಂದು ಕೇಳಿ. ತಾರೀಕು ಕೊಟ್ಟರೆ ಧನ್ಯವಾದ ಹೇಳಿ ಕುಳಿತುಬಿಡಿ. ಆಮೇಲೆ ಭಾಷಣ ಮುಂದುವರಿಸಿದರೆ ಆ ತಾರೀಕೇ ಮಾತಿನಲ್ಲಿ ಮುಳುಗಿಹೋಗುತ್ತದೆ.

ಸಭೆಯ ನಂತರ

ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿಯ ದೃಢೀಕರಣ ಬರುವಾಗ ಹೆಚ್ಚಿನವರು ಓದುವುದೇ ಇಲ್ಲ. ಅಲ್ಲಿ ನಿಮ್ಮ ಪ್ರಶ್ನೆ "ಸದಸ್ಯರು ಚರ್ಚಿಸಿದರು" ಎಂದು ಒಂದೇ ಸಾಲಾಗಿ ಸವೆದಿರಬಹುದು. ತಿದ್ದುಪಡಿ ಹೇಳಲು ಅವಕಾಶ ಇರುವುದು ಆಗ ಮಾತ್ರ. ದೃಢೀಕರಣವಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಮಂಗಳೂರಿನಲ್ಲಿ ವಾರ್ಡ್ ಸಮಿತಿಯನ್ನೂ ಬಳಸಿಕೊಳ್ಳಿ. ಸದಸ್ಯರೇ ಅಧ್ಯಕ್ಷರಾಗಿರುವ ಈ ಸಮಿತಿಗೆ ಹತ್ತು ಮಂದಿಯ ನಾಮನಿರ್ದೇಶನವಾಗುತ್ತದೆ, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು. ಸಮಿತಿಯ ನಿರ್ಣಯದ ಪ್ರತಿ ಲಗತ್ತಿಸಿದ ಪ್ರಶ್ನೆಗೆ ತೂಕ ಜಾಸ್ತಿ. ಒಬ್ಬರ ಹಟ ಎಂದು ಅದನ್ನು ತಳ್ಳಿಹಾಕಲಾಗದು.

ಕೊಟ್ಟ ತಾರೀಕು ದಾಟಿದ ಮರುದಿನವೇ ನಡಾವಳಿಯ ವಿಷಯ ಸಂಖ್ಯೆ ನಮೂದಿಸಿ ಆಯುಕ್ತರಿಗೆ, ಉಡುಪಿಯಲ್ಲಿ ಪೌರಾಯುಕ್ತರಿಗೆ ಪತ್ರ ಬರೆಯಿರಿ. ಆಗಲೂ ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಚುನಾಯಿತ ಸದಸ್ಯರೆಂದು ಸಂಕೋಚಪಡಬೇಕಾಗಿಲ್ಲ. ಶುಲ್ಕ 10 ರೂಪಾಯಿ, ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಫೆಬ್ರವರಿ ಸಭೆಗೆ ಬೇಕಾದ ಅಂದಾಜು ಪಟ್ಟಿ, ಕಳೆದ ವರ್ಷದ ಅಳತೆ ಪುಸ್ತಕದ ಪ್ರತಿ ಇವಕ್ಕೆ ಡಿಸೆಂಬರ್ ಕೊನೆಯೊಳಗೆ ಅರ್ಜಿ ಹೋಗಿರಬೇಕು.